ಐದು ವರ್ಷ ಕ್ಯೂಬಿಟ್‌ಟೊರೆಂಟ್ ಬಳಸಿದ್ದೀನಿ: ಉಬುಂಟು ಹಾರ್ತಿತ್ತು, ಅಪ್ಪಯ್ಯನ ಕ್ಯಾಸೆಟ್ ಮಾತ್ರ ಹೋಗ್ತಿರ್ಲಿಲ್ಲ

2020ರ ಲಾಕ್‌ಡೌನಲ್ಲಿ ನಮ್ಮನೆಗೆ ಫೈಬರ್ ಬಂತು, ಅದೇ ವಾರ ಕ್ಯೂಬಿಟ್‌ಟೊರೆಂಟ್ (ಟೊರೆಂಟ್ ಇಳಿಸೋ, ಹಂಚೋ ಸಾಫ್ಟ್‌ವೇರ್) ಹಾಕ್ಕೊಂಡೆ, ಅವತ್ತಿಂದ ಇವತ್ತಿನವರೆಗೂ ಅದನ್ನೇ ಬಳಸ್ತಿದ್ದೀನಿ. ಊರು ಸಾಗರದಿಂದ ಸ್ವಲ್ಪ ಒಳಗೆ, ಸುತ್ತ ಅಡಿಕೆ ತೋಟ, ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತೆ ಯಾವಾಗ ಬರುತ್ತೆ ಹೇಳಕ್ಕಾಗಲ್ಲ. ಟೊರೆಂಟ್ ಅಂದ್ರೆ ಒಂದೇ ಸರ್ವರಿಂದ ಅಲ್ಲದೆ ಆ ಫೈಲ್ ಇರೋ ಬೇರೆ ಬೇರೆ ಜನರ ಕಂಪ್ಯೂಟರಿಂದ ತುಂಡು ತುಂಡಾಗಿ ಇಳಿಸ್ಕೊಳ್ಳೋ ವಿಧಾನ, ಹೆಸರು ಕೇಳಿದ ತಕ್ಷಣ ಕದ್ದ ಸಿನಿಮಾ ಅಂತ ತುಂಬ ಜನ ಅನ್ಕೊಳ್ತಾರೆ, ನನ್ನ ಬಳಕೆ ಅದಲ್ಲ. ಹಳೇ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿಕೊಡೋ ಕೆಲಸ ಮಾಡ್ತೀನಿ ಅದಕ್ಕೆ ಐಎಸ್ಓ (ಇನ್‌ಸ್ಟಾಲ್ ಮಾಡೋ ಫೈಲು) ಬೇಕು, ಅಪ್ಪಯ್ಯ ಓದೋಕೆ ಇಂಟರ್ನೆಟ್ ಆರ್ಕೈವಿಂದ ಹಳೇ ಕನ್ನಡ ಪುಸ್ತಕದ ಸ್ಕ್ಯಾನ್ ಬೇಕು, ಇನ್ನೊಂದು ಮನೇದೇ ಕೆಲಸ, ಅದನ್ನ ಆಮೇಲೆ ಹೇಳ್ತೀನಿ.

ಮೊದಲು ಸಾಫ್ಟ್‌ವೇರ್ ಬಗ್ಗೆ. 2006ರಲ್ಲಿ ಶುರುವಾದ ಪ್ರಾಜೆಕ್ಟು, ಓಪನ್ ಸೋರ್ಸ್, ಪೂರ್ತಿ ಫ್ರೀ, ಒಂದೂ ಜಾಹೀರಾತಿಲ್ಲ. ವಿಂಡೋಸಲ್ಲೂ ಲಿನಕ್ಸಲ್ಲೂ ಒಂದೇ ಥರ ಕಾಣುತ್ತೆ. ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಕರೆಂಟು ಹೋದಾಗ ಅದು ನಡ್ಕೊಳ್ಳೋ ರೀತಿ. ಟೊರೆಂಟಲ್ಲಿ ಫೈಲನ್ನ ಸಣ್ಣ ಸಣ್ಣ ಪೀಸ್ ಮಾಡಿ ಒಂದೊಂದಕ್ಕೂ ಹ್ಯಾಶ್ (ಪೀಸ್ ಸರಿ ಇದೆಯಾ ಅಂತ ತಾಳೆ ನೋಡೋ ಗುರುತು) ಇಟ್ಟಿರ್ತಾರೆ, ಹಾಗಾಗಿ ಅರ್ಧಕ್ಕೆ ನಿಂತು ಡೌಟ್ ಬಂದ್ರೆ ರೈಟ್ ಕ್ಲಿಕ್ ಮಾಡಿ ಫೋರ್ಸ್ ರೀಚೆಕ್ ಕೊಟ್ರೆ ಆಯ್ತು, ಎಲ್ಲಾ ಪೀಸನ್ನೂ ಒಂದ್ಸಲ ಪರೀಕ್ಷೆ ಮಾಡಿ ಕೆಟ್ಟಿದ್ದನ್ನ ಮಾತ್ರ ಮತ್ತೆ ಇಳಿಸ್ಕೊಳ್ಳುತ್ತೆ. ಬ್ರೌಸರಲ್ಲಿ 5 ಜಿಬಿ ಫೈಲು 4.8ಕ್ಕೆ ಬಂದು ಫೇಲ್ ಆಗಿ ಮತ್ತೆ ಸೊನ್ನೆಯಿಂದ ಶುರು ಮಾಡಿದ್ದು ಯಾರಿಗಾದ್ರೂ ನೆನಪಿದ್ರೆ ಇದರ ಬೆಲೆ ಗೊತ್ತಾಗುತ್ತೆ.

ಈಗ ಸ್ಲೋ ವಿಚಾರಕ್ಕೆ ಬರ್ತೀನಿ, ಈ ರಿವ್ಯೂ ಬರೀತಿರೋದೇ ಅದಕ್ಕೆ.

ಶುರುವಲ್ಲಿ ನಮ್ಮ ಪ್ಲಾನ್ 50 ಎಂಬಿಪಿಎಸ್, ಅಪ್ಲೋಡೂ ಅಷ್ಟೇ. ಪ್ಲಾನ್ ಹೇಳೋದು ಬಿಟ್ ಲೆಕ್ಕ, ಕ್ಲೈಂಟ್ (ಟೊರೆಂಟ್ ಸಾಫ್ಟ್‌ವೇರ್) ತೋರಿಸೋದು ಬೈಟ್ ಲೆಕ್ಕ, ಎಂಟು ಬಿಟ್ ಸೇರಿ ಒಂದು ಬೈಟ್, ಅದಕ್ಕೇ ಇದನ್ನ ಎಂಟರಿಂದ ಭಾಗಿಸ್ಬೇಕು, ಅಂದ್ರೆ ಕ್ಲೈಂಟಲ್ಲಿ ಸೆಕೆಂಡಿಗೆ 6 ಎಂಬಿ ಕಾಣಿಸಿದ್ರೆ ಅದೇ ಪೂರ್ತಿ ಸ್ಪೀಡು. 50 ಕಾಣ್ಬೇಕು ಅಂತ ಕಾಯೋರು ಎಷ್ಟೋ ಜನ ಇದ್ದಾರೆ, ಮೊದಲು ಈ ಲೆಕ್ಕ ಸರಿ ಮಾಡ್ಕೊಳ್ಳಿ. ಉಬುಂಟು ಅನ್ನೋ ಲಿನಕ್ಸಿನ 24.04 ಐಎಸ್ಓ ಹತ್ತಿರ ಹತ್ತಿರ 6 ಜಿಬಿ, ನಮ್ಮನೇಲಿ ಹದಿನೇಳು ಹದಿನೆಂಟು ನಿಮಿಷಕ್ಕೆ ಬಂದುಬಿಡ್ತು. ಲೈನು ಚೆನ್ನಾಗಿದೆಯೋ ಇಲ್ವೋ ನೋಡೋಕೆ ನಾನು ಇವತ್ತಿಗೂ ಮಾಡೋದು ಇದನ್ನೇ, ಉಬುಂಟು ಇಲ್ಲಾ ಡೆಬಿಯನ್ನಿನ ಅಧಿಕೃತ ಟೊರೆಂಟ್ ಹಾಕಿ ನೋಡೋದು. ಅದಕ್ಕೆ ಸೀಡರ್ (ಪೂರ್ತಿ ಫೈಲ್ ಇಟ್ಕೊಂಡು ಹಂಚೋರು) ಯಾವಾಗ್ಲೂ ರಾಶಿ ಇರ್ತಾರೆ. ಅದೂ ಸ್ಲೋ ಆದ್ರೆ ನಿಮ್ಮ ಕಡೆ ತೊಂದರೆ, ಅದು ಹಾರಿಕೊಂಡು ಬಂದು ನಿಮಗೆ ಬೇಕಾಗಿದ್ದು ಮಾತ್ರ ನಿಂತಿದ್ರೆ ಆ ಟೊರೆಂಟಿಗೆ ಸೀಡರೇ ಇಲ್ಲ ಅಥ್ವಾ ಇದ್ದೋರು ನಿಮಗೆ ಸಿಗ್ತಿಲ್ಲ. ಈ "ಸಿಗ್ತಿಲ್ಲ" ಅನ್ನೋದೇ ನನ್ನನ್ನ ಒಂದೂವರೆ ವರ್ಷ ಕಾಡಿದ್ದು.

ಮನೇದೇ ಕೆಲಸ ಅಂದ್ನಲ್ಲ, ಅದು ತಾಳಮದ್ದಳೆ. ಅಪ್ಪಯ್ಯ ಎಂಬತ್ತು ತೊಂಬತ್ತರ ದಶಕದಲ್ಲಿ ನಮ್ಮ ಕಡೆ ದೇವಸ್ಥಾನದ ಅಂಗಳದಲ್ಲಿ, ಮನೆ ಜಗಲೀಲಿ ನಡೆದ ಕೂಟಗಳನ್ನ ಟೇಪ್ ರೆಕಾರ್ಡರ್ ಇಟ್ಕೊಂಡು ರೆಕಾರ್ಡ್ ಮಾಡಿದ್ರು, ಅರ್ಥ ಹೇಳ್ದೋರು ಎಲ್ಲಾ ಗುರುತಿನೋರೇ, ಅವರ ಹತ್ರ ಇಲ್ಲಾ ಅವರ ಮನೆಯೋರ ಹತ್ರ ಕೇಳ್ಕೊಂಡೇ ಈ ಕೆಲಸಕ್ಕೆ ಕೈ ಹಾಕಿದ್ದು. 45 ಕ್ಯಾಸೆಟ್ಟು, ಒಂದೊಂದೂ 90 ನಿಮಿಷ. ವೇವ್ ಫೈಲಾಗಿ ಮಾಡಿದಾಗ ಒಟ್ಟು 40 ಜಿಬಿ ದಾಟ್ತು. ಬೆಂಗಳೂರಲ್ಲಿರೋ ಅಣ್ಣನ ಹತ್ರ ಇನ್ನೊಂದು ಕಾಪಿ ಇರ್ಲಿ, ಇಲ್ಲಿ ಸಿಡಿಲು ಬಡಿದು ಹಾರ್ಡ್ ಡಿಸ್ಕ್ ಹೋದ್ರೆ ಎಲ್ಲಾ ಹೋಗುತ್ತೆ ಅಂತ ಅಪ್ಪಯ್ಯಂಗೆ ಆತಂಕ. ಗೂಗಲ್ ಡ್ರೈವಲ್ಲಿ ಪುಕ್ಕಟೆ ಜಾಗ 15 ಜಿಬಿ ಅಷ್ಟೇ. ಕ್ಯೂಬಿಟ್‌ಟೊರೆಂಟಲ್ಲೇ ಟೊರೆಂಟ್ ಫೈಲ್ ಮಾಡೋ ಟೂಲ್ ಇದೆ, ಮಾಡಿದೆ, ಆ ಪುಟ್ಟ ಫೈಲನ್ನ (ಅದರಲ್ಲಿ ಆಡಿಯೋ ಇರಲ್ಲ, ಪೀಸುಗಳ ಪಟ್ಟಿ ಮಾತ್ರ) ಅಣ್ಣಂಗೆ ಕಳಿಸ್ದೆ. ಅಣ್ಣ ಹಾಕ್ದ. ಸ್ಟಾಲ್ಡ್, ಅಂದ್ರೆ ನಿಂತೇ ಬಿಟ್ಟಿದೆ. ರಾತ್ರಿ ಪೂರ್ತಿ ಬಿಟ್ರೂ ಸೊನ್ನೆ ಪರ್ಸೆಂಟು.

ನಾನು ಮೊದಲು ಅನ್ಕೊಂಡಿದ್ದು ಎಲ್ಲರ ಥರಾನೇ, ಇಂಟರ್ನೆಟ್ ಕೊಡೋರು ಟೊರೆಂಟ್ ಬ್ಲಾಕ್ ಮಾಡಿದ್ದಾರೆ ಅಂತ. ಹಾಗೆ ಅನ್ಸೋಕೆ ಕಾರಣನೂ ಇದೆ. 2007ರಲ್ಲಿ ಅಮೆರಿಕದ ಕಾಮ್‌ಕ್ಯಾಸ್ಟ್ ಕಂಪನಿ ಬಿಟ್‌ಟೊರೆಂಟ್ ಕನೆಕ್ಷನ್ನುಗಳ ಮಧ್ಯೆ ರೀಸೆಟ್ ಪ್ಯಾಕೆಟ್ (ಕನೆಕ್ಷನ್ ಮುಗೀತು ಅನ್ನೋ ಸುಳ್ಳು ಸಂದೇಶ) ತೂರಿಸಿ ಕಡೀತಿದ್ದದ್ದು ಬಯಲಾಗಿ, 2008ರಲ್ಲಿ ಅಲ್ಲಿನ ಎಫ್‌ಸಿಸಿ (ಟೆಲಿಕಾಂ ನಿಯಂತ್ರಣ ಸಂಸ್ಥೆ) ಅದನ್ನ ನಿಲ್ಲಿಸಿ ಅಂತ ಆದೇಶ ಮಾಡ್ತು. ನಮ್ಮಲ್ಲೂ 2012ರಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ ಎಷ್ಟೋ ಟೊರೆಂಟ್ ಸೈಟುಗಳನ್ನ ಮುಚ್ಚಿದ್ರು. ಆದ್ರೆ ಸೈಟ್ ಬ್ಲಾಕ್ ಆಗೋದೇ ಬೇರೆ, ಟೊರೆಂಟ್ ಪ್ರೋಟೋಕಾಲ್ (ಕಂಪ್ಯೂಟರುಗಳು ಫೈಲ್ ಹಂಚ್ಕೊಳ್ಳೋ ರೀತಿ) ಬ್ಲಾಕ್ ಆಗೋದೇ ಬೇರೆ. ಸೈಟ್ ಓಪನ್ ಆಗಲ್ಲ ಅನ್ನೋ ಒಂದೇ ಕಾರಣಕ್ಕೆ ನಿಮ್ಮ ಲೈನಲ್ಲಿ ಟೊರೆಂಟ್ ಓಡಲ್ಲ ಅಂತಲ್ಲ. ಉಬುಂಟು ಅದೇ ಲೈನಲ್ಲಿ 6 ಎಂಬಿಲಿ ಬರ್ತಿತ್ತಲ್ಲ, ಅಲ್ಲೇ ನನಗೆ ಹೊಳೀಬೇಕಿತ್ತು.

ಸಿಕ್ಕಿದ್ದೆಲ್ಲ ಮಾಡ್ದೆ. ಪೋರ್ಟನ್ನ (ಹೊರಗಿನ ಕನೆಕ್ಷನ್ ಬರೋ ಬಾಗಿಲ ನಂಬರು) ಹಳೇ 6881ರಿಂದ 50 ಸಾವಿರದ ಆಸುಪಾಸಿಗೆ ಬದಲಾಯಿಸ್ದೆ, ಆ 6881ರಿಂದ 6889ರವರೆಗಿನ ಪೋರ್ಟುಗಳ ಮೇಲೆ ಎಲ್ಲರ ಕಣ್ಣೂ ಇರುತ್ತೆ, ಹಾಗಾಗಿ ಬದಲಾಯಿಸೋದು ಒಳ್ಳೇದೇ. ಎನ್‌ಕ್ರಿಪ್ಷನ್ ಕಡ್ಡಾಯ ಅಂತ ಇಟ್ಟೆ, ಪಿಯರುಗಳು (ಅದೇ ಟೊರೆಂಟಲ್ಲಿರೋ ಬೇರೆಯೋರು) ಕಮ್ಮಿ ಆದ್ರೇ ಹೊರತು ಬೇರೇನೂ ಆಗ್ಲಿಲ್ಲ, ವಾಪಸ್ ಅಲೋಗೆ ತಂದೆ. ಡಿಎಚ್‌ಟಿ (ಪಿಯರುಗಳನ್ನ ಹುಡುಕೋ ವ್ಯವಸ್ಥೆ) ಆನ್ ಇತ್ತು. ವಿಂಡೋಸ್ ಫೈರ್‌ವಾಲಲ್ಲಿ ಪರ್ಮಿಷನ್ ಇತ್ತು. ರೂಟರಲ್ಲಿ ಯುಪಿಎನ್‌ಪಿ (ಪೋರ್ಟ್ ತಾನಾಗೇ ತೆಗೆಯೋ ಸೆಟ್ಟಿಂಗ್) ಆನ್ ಮಾಡ್ದೆ, ಪೋರ್ಟ್ ಫಾರ್ವರ್ಡಿಂಗನ್ನ (ಆ ಪೋರ್ಟಿಗೆ ಬಂದಿದ್ದನ್ನ ನನ್ನ ಕಂಪ್ಯೂಟರಿಗೆ ಕಳಿಸೋದು) ಕೈಯಾರೆ ಹಾಕ್ದೆ. ಕಂಪ್ಲೇಂಟ್ ಕೊಟ್ಟಿದ್ದಕ್ಕೆ ಒಬ್ಬ ಹುಡುಗ ಬಂದ, ಪಾಪ ಒಳ್ಳೆಯವನು, ಮಳೇಲಿ ನೆನ್ಕೊಂಡು ಬಂದಿದ್ದ, ಮೊಬೈಲಲ್ಲಿ ಸ್ಪೀಡ್ ಟೆಸ್ಟ್ ಮಾಡಿ ತೋರಿಸಿ "ನೋಡಿ ಅಣ್ಣ, 51 ಬರ್ತಿದೆ, ಇನ್ನೇನ್ ಬೇಕು" ಅಂದ. "ಅದೆಲ್ಲ ಸರಿ ಮಾರಾಯ, ಹೊರಗಿನಿಂದ ಯಾರೂ ನನ್ನ ಸಿಸ್ಟಮಿಗೆ ಕನೆಕ್ಟ್ ಆಗ್ತಿಲ್ಲ" ಅಂದ್ರೆ ಅವನಿಗೂ ಏನಂತ ಹೇಳ್ಬೇಕು ಗೊತ್ತಾಗ್ಲಿಲ್ಲ, ಟೀ ಕುಡಿದು ಹೋದ.

ಉತ್ತರ ಇದ್ದಿದ್ದು ಕ್ಯೂಬಿಟ್‌ಟೊರೆಂಟಿನ ಕೆಳಗಡೆ ಪಟ್ಟೀಲೇ. ಅಲ್ಲೊಂದು ಸಣ್ಣ ಐಕಾನ್ ಇದೆ, ಎಲ್ಲಾ ಸರಿ ಇದ್ರೆ ಹಸಿರು, ಹೊರಗಿನೋರು ನಿಮ್ಮನ್ನ ಮುಟ್ಟೋಕೆ ಆಗ್ತಿಲ್ಲ ಅಂದ್ರೆ ಬೆಂಕಿ ಚಿತ್ರ. ಮೌಸ್ ಇಟ್ರೆ ನೇರ ಕನೆಕ್ಷನ್ ಇಲ್ಲ ಅಂತ ಬರುತ್ತೆ. ನಂದು ಯಾವಾಗ್ಲೂ ಬೆಂಕಿನೇ. ಇನ್ನೊಂದು ಕಡೆ ನೋಡಿ, ಪಿಯರ್ಸ್ ಟ್ಯಾಬಲ್ಲಿ ಫ್ಲಾಗ್ಸ್ ಅಂತ ಕಾಲಂ ಇರುತ್ತೆ, ಅಲ್ಲಿ ಇಂಗ್ಲಿಷಿನ ದೊಡ್ಡ ಐ ಅಕ್ಷರ ಇದ್ರೆ ಆ ಪಿಯರು ತಾನಾಗಿ ನಿಮ್ಮ ಹತ್ರ ಬಂದಿದ್ದಾನೆ ಅಂತರ್ಥ. ಒಂದೂವರೆ ವರ್ಷದಲ್ಲಿ ನಾನು ಒಂದೇ ಒಂದು ಐ ಕಂಡಿರ್ಲಿಲ್ಲ.

ಆಮೇಲೆ ರೂಟರಿನ ಸ್ಟೇಟಸ್ ಪೇಜ್ ತೆಗೆದು ವ್ಯಾನ್ ಐಪಿ (ಕಂಪನಿ ನಮ್ಮ ರೂಟರಿಗೆ ಕೊಟ್ಟ ಇಂಟರ್ನೆಟ್ ವಿಳಾಸ) ನೋಡ್ದೆ. 100.72 ಅಂತ ಶುರು. ಬ್ರೌಸರಲ್ಲಿ ನನ್ನ ಐಪಿ ಏನು ಅಂತ ಹುಡುಕಿದ್ರೆ ಬೇರೇನೇ ನಂಬರ್ ಬರುತ್ತೆ. ಇವೆರಡೂ ಬೇರೆ ಬೇರೆ ಇದ್ರೆ ನೀವು ಸಿಜಿನ್ಯಾಟ್ (ಒಂದೇ ಪಬ್ಲಿಕ್ ವಿಳಾಸನ ಕಂಪನಿ ಹಲವು ಮನೆಗೆ ಹಂಚೋ ವ್ಯವಸ್ಥೆ) ಹಿಂದೆ ಇದ್ದೀರಿ ಅಂತಲೇ ತಿಳ್ಕೊಳ್ಳಿ. 100.64ರಿಂದ 100.127ರವರೆಗಿನ ನಂಬರುಗಳನ್ನ 2012ರಲ್ಲಿ ಇದಕ್ಕೇ ಅಂತ ಎತ್ತಿಟ್ಟಿದ್ದಾರೆ, ಕೆಲವು ಕಡೆ 10ರಿಂದ ಶುರುವಾಗೋದೂ ಸಿಗುತ್ತೆ. ಹಳೇ ಥರದ (ಐಪಿವಿ4) ಐಪಿ ವಿಳಾಸ ಒಟ್ಟು ಇರೋದೇ ಸುಮಾರು 430 ಕೋಟಿ, ಏಷ್ಯಾ ಪೆಸಿಫಿಕ್ ಭಾಗಕ್ಕೆ 2011ರಲ್ಲೇ ಹೊಸದಾಗಿ ಕೊಡೋ ದಾಸ್ತಾನು ಮುಗೀತಾ ಬಂತು, ಆಮೇಲೆ ಬಂದ ಸಣ್ಣ ಕಂಪನಿಗಳು ಏನ್ ಮಾಡ್ತವೆ, ಒಂದೇ ಪಬ್ಲಿಕ್ ವಿಳಾಸನ ಎಷ್ಟೋ ಮನೆಗೆ ಹಂಚ್ತವೆ. ವಠಾರ ಇದ್ದ ಹಾಗೆ ಇದು. ಗೇಟಿಗೆ ಒಂದೇ ನಂಬರು, ಒಳಗಿರೋರು ಯಾವಾಗ ಬೇಕಾದ್ರೂ ಹೊರಗೆ ಹೋಗಿ ಬರ್ಬಹುದು, ಹೊರಗಿಂದ ಹೊಸಬರು ಬಂದು ಗೇಟಲ್ಲಿ ನಿಂತ್ರೆ ಯಾವ ಮನೆಗೆ ಹೋಗ್ಬೇಕು ಅಂತ ಹೇಳೋರು ಯಾರೂ ಇಲ್ಲ. ನಮ್ಮ ರೂಟರಲ್ಲಿ ಪೋರ್ಟ್ ಫಾರ್ವರ್ಡ್ ಹಾಕಿದ್ದು ನಮ್ಮನೆ ಬಾಗಿಲು ತೆಗೆದಿಟ್ಟ ಹಾಗಾಯ್ತು, ಗೇಟ್ ನಮ್ಮ ಕೈಲಿರ್ಲಿಲ್ಲ.

ಉಬುಂಟು ಯಾಕೆ ಬರ್ತಿತ್ತು ಅಂದ್ರೆ ನಾನೇ ಹೊರಗೆ ಹೋಗಿ ತರ್ತಿದ್ದೆ, ಆ ಕಡೆ ಗೇಟ್ ತೆಗೆದಿಟ್ಟ ಸರ್ವರುಗಳು ಬೇಕಾದಷ್ಟಿದ್ವು. ಆರ್ಕೈವಿನ ಪುಸ್ತಕ ಯಾಕೆ ಬರ್ತಿತ್ತು ಅಂದ್ರೆ ಅವರ ಟೊರೆಂಟಲ್ಲಿ ವೆಬ್ ಸೀಡ್ ಇರುತ್ತೆ, ಪಿಯರ್ ಒಬ್ರೂ ಇಲ್ದಿದ್ರೂ ಅವರ ಸರ್ವರಿಂದ ನೇರ ಇಳಿಯುತ್ತೆ. ಆದ್ರೆ ತಾಳಮದ್ದಳೆಗೆ ಇಡೀ ಜಗತ್ತಲ್ಲಿ ಇದ್ದಿದ್ದು ಇಬ್ರೇ, ನಾನು ಮತ್ತೆ ಅಣ್ಣ. ವಿಚಾರಿಸಿದ್ರೆ ಅಣ್ಣನ ಅಪಾರ್ಟ್‌ಮೆಂಟಿನ ಕನೆಕ್ಷನ್ನೂ ಸಿಜಿನ್ಯಾಟೇ. ಇಬ್ರೂ ಬೇರೆ ಬೇರೆ ವಠಾರದ ಒಳಗೆ ಕೂತು ಒಬ್ರಿಗೊಬ್ರು ಕಾಯ್ತಿದ್ವಿ. ಇಂಥ ಇಬ್ರನ್ನ ಪರಸ್ಪರ ಸೇರಿಸೋ ಹೋಲ್ ಪಂಚಿಂಗ್ ಅಂತ ಒಂದು ಉಪಾಯ ಇದೆ, ಅದಕ್ಕೆ ಇಬ್ರಿಗೂ ಸಿಗೋ ಮೂರನೇ ಪಿಯರ್ ಒಬ್ಬ ಮಧ್ಯದಲ್ಲಿ ಬೇಕು, ನಮಗೆ ಆ ಮೂರನೆಯವನೇ ಇರ್ಲಿಲ್ಲ.

ನಾನು ಇದನ್ನ ಇಷ್ಟು ಎಳೀತಿರೋದು ಯಾಕೆ ಅಂದ್ರೆ, ಕನ್ನಡದ ಅಪರೂಪದ ಸಾಮಗ್ರಿ ಹಂಚ್ಕೊಳ್ಳೋರಿಗೆ ಸಿಜಿನ್ಯಾಟ್ ಪೆಟ್ಟು ಕೊಡೋದು ಇಲ್ಲೇ. ದೊಡ್ಡ ಟೊರೆಂಟಲ್ಲಿ ನೂರಾರು ಜನರಲ್ಲಿ ನಾಲ್ಕು ಜನರ ಗೇಟ್ ಮುಚ್ಚಿದ್ರೆ ಗೊತ್ತೇ ಆಗಲ್ಲ. ನಮ್ಮದು ಎರಡು ಮೂರು ಜನರ ಟೊರೆಂಟು, ಎಲ್ಲರೂ ಊರ ಕಡೆಯ ಇದೇ ಥರದ ಲೈನಲ್ಲಿ ಇರ್ತಾರೆ, ಅದಕ್ಕೇ ಸೀಡರ್ ಇದ್ರೂ ಡೌನ್‌ಲೋಡ್ ಆಗಲ್ಲ, ಬೇಜಾರಾಗಿ ಡಿಲೀಟ್ ಮಾಡ್ತಾರೆ, ಅಲ್ಲಿಗೆ ಆ ಕಾಪಿ ಮುಗೀತು.

ದಾರಿ ಎರಡಿದೆ. ಒಂದು, ಐಪಿವಿ6, ಅಂದ್ರೆ ಹೊಸ ಥರದ ಐಪಿ ವಿಳಾಸ, ಪ್ರತಿ ಮನೆಗೂ ಬೇರೆ ಬೇರೆ ಕೊಡೋಷ್ಟಿದೆ. ಎರಡೂ ಕಡೆ ಅದು ಸಿಕ್ಕಿದ್ರೆ ಸಿಜಿನ್ಯಾಟ್ ಮಾತೇ ಬರಲ್ಲ, ಆದ್ರೆ ರೂಟರಿನ ಐಪಿವಿ6 ಫೈರ್‌ವಾಲಲ್ಲಿ ಒಳಗೆ ಬರೋ ಕನೆಕ್ಷನ್ ಸಾಮಾನ್ಯವಾಗಿ ಮುಚ್ಚಿರ್ತಾರೆ, ನಿಮ್ಮ ಪೋರ್ಟೊಂದನ್ನ ಮಾತ್ರ ತೆಗೀಬೇಕು, ಪೂರ್ತಿ ಫೈರ್‌ವಾಲ್ ಆಫ್ ಮಾಡ್ಬೇಡಿ. ನಮ್ಮ ಲೈನಲ್ಲಿ ಆಗ ಐಪಿವಿ6 ಇರ್ಲಿಲ್ಲ. ಎರಡನೇದು ಸ್ಟ್ಯಾಟಿಕ್ ಪಬ್ಲಿಕ್ ಐಪಿ (ನಮಗೊಬ್ರಿಗೇ ಇರೋ, ಬದಲಾಗದ ವಿಳಾಸ), ದುಡ್ಡು ಕೊಟ್ರೆ ಕೊಡ್ತಾರೆ, ಫೋನಲ್ಲಿ ಕೇಳ್ದಾಗ ಮನೆ ಕನೆಕ್ಷನ್ನಿಗೆ ಇಲ್ಲ ಅಂದ್ರು, ಆಫೀಸಿಗೆ ಹೋಗಿ ಅರ್ಜಿ ಬರೆದು ಕೊಟ್ಟ ಮೇಲೆ ಕೊಟ್ರು. ಒಂದೇ ಕಡೆ ಗೇಟ್ ತೆಗೆದ್ರೆ ಸಾಕು, ಇಬ್ರೂ ತಗೋಬೇಕಿಲ್ಲ, ಇದು ಗೊತ್ತಿರ್ಲಿ. ವಿಪಿಎನ್ (ಬೇರೆಯೋರ ಸರ್ವರ್ ಮೂಲಕ ಇಂಟರ್ನೆಟ್ಟಿಗೆ ಹೋಗೋ ಸೇವೆ) ದಾರಿ ಹಿಡಿಯೋದಾದ್ರೆ ಅದರಲ್ಲಿ ಪೋರ್ಟ್ ಫಾರ್ವರ್ಡಿಂಗ್ ಇದೆಯಾ ಅಂತ ನೋಡಿ, ಇಲ್ಲಾಂದ್ರೆ ಒಂದು ವಠಾರ ಬಿಟ್ಟು ಇನ್ನೊಂದಕ್ಕೆ ಹೋದ ಹಾಗೆ ಅಷ್ಟೇ.

ಐಪಿ ಬದಲಾದ ದಿನ ಸಂಜೆ ರೂಟರ್ ಆಫ್ ಮಾಡಿ ಆನ್ ಮಾಡ್ದೆ, ಕೆಳಗಿನ ಬೆಂಕಿ ಹೋಗಿ ಹಸಿರು ಬಂತು. ಅಣ್ಣಂಗೆ ಫೋನ್ ಮಾಡಿ ಈಗ ರೆಸ್ಯೂಮ್ ಕೊಡು ಅಂದೆ. ಪಿಯರ್ಸ್ ಟ್ಯಾಬಲ್ಲಿ ಒಂದು ಸಾಲು, ಪಕ್ಕದಲ್ಲಿ ಆ ಐ. ಸೊನ್ನೆ ಇದ್ದ ಅಪ್ಲೋಡು 4 ಎಂಬಿ ಮುಟ್ತು. ಅಪ್ಪಯ್ಯ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕೂತು ಪರ್ಸೆಂಟೇಜ್ ಓದ್ತಿದ್ರು, ಊಟಕ್ಕೆ ಕರೆದ್ರೂ ಏಳ್ಲಿಲ್ಲ. ಮೂರು ಗಂಟೆ ಒಳಗೆ 40 ಜಿಬಿ ಹೋಯ್ತು.

ಉಳಿದ ಸ್ಲೋ ತೊಂದರೆಗಳು ಸಣ್ಣವು, ಬೇಗ ಹೇಳ್ತೀನಿ. ಅಪ್ಲೋಡಿಗೆ ಲಿಮಿಟ್ ಹಾಕ್ದೇ ಬಿಟ್ರೆ ಡೌನ್‌ಲೋಡೂ ಸಾಯುತ್ತೆ, ಯಾಕಂದ್ರೆ ಬಂದ ಡೇಟಾ ತಲುಪ್ತು ಅಂತ ಹೇಳೋ ಪ್ಯಾಕೆಟ್ಟೂ ಅದೇ ದಾರೀಲಿ ಹೋಗ್ಬೇಕು, ನಾನು ಲೈನಿನ ಎಂಬತ್ತು ಪರ್ಸೆಂಟಿಗೆ ಕಟ್ಟಿದ್ದೀನಿ, ಮಗಳ ಆನ್‌ಲೈನ್ ಕ್ಲಾಸ್ ತುಂಡು ತುಂಡಾಗ್ತಿದ್ದದ್ದು ಅವತ್ತೇ ನಿಂತಿತು. ಒಟ್ಟು ಕನೆಕ್ಷನ್ ಡೀಫಾಲ್ಟ್ 500 ಇರುತ್ತೆ, ಕಂಪನಿ ಕೊಟ್ಟ ನಮ್ಮ ರೂಟರ್ ಅಷ್ಟನ್ನ ತಡ್ಕೊಳ್ದೆ ಕೈ ಇಡಕ್ಕಾಗದಷ್ಟು ಬಿಸಿಯಾಗಿ ಹ್ಯಾಂಗ್ ಆಗ್ತಿತ್ತು, 200ಕ್ಕೆ ಇಳಿಸಿದ ಮೇಲೆ ಆ ಕಾಟ ಇಲ್ಲ. ವೈಫೈಯಲ್ಲಿ ಟೆಸ್ಟ್ ಮಾಡಿ ತೀರ್ಮಾನಕ್ಕೆ ಬರ್ಬೇಡಿ, ನಮ್ಮ ಮಣ್ಣಿನ ಗೋಡೆ ದಾಟಿ ಸಿಗ್ನಲ್ ಬರೋಷ್ಟರಲ್ಲಿ ಅರ್ಧ ಆಗಿರುತ್ತೆ, ಒಂದು ಕೇಬಲ್ ಹಾಕಿ ನೋಡಿ. ಸಂಜೆ ಏಳರಿಂದ ಹನ್ನೊಂದರವರೆಗೆ ಮಾತ್ರ ಎಲ್ಲವೂ ಸ್ಲೋ ಆಗಿ ರಾತ್ರಿ ಎರಡಕ್ಕೆ ಸರಿ ಇದ್ರೆ ಅದು ಜನಸಂದಣಿ. ಸ್ಪೀಡ್ ಟೆಸ್ಟ್ ಎಲ್ಲಾ ಹೊತ್ತಲ್ಲೂ ಸರಿ ಬಂದು ಟೊರೆಂಟ್ ಮಾತ್ರ ಎಲ್ಲಾ ಹೊತ್ತಲ್ಲೂ ತೆವಳಿದ್ರೆ, ಗೇಟ್ ಹಸಿರಿದ್ರೂ ತೆವಳಿದ್ರೆ, ಆಗ ಬೇಕಂತಲೇ ತಡೀತಿದ್ದಾರೆ ಅಂತ ಅನುಮಾನಿಸಿ. 2018ರಿಂದ ನಮ್ಮ ದೇಶದಲ್ಲಿ ನೆಟ್ ನ್ಯೂಟ್ರಾಲಿಟಿ (ಇಂಟರ್ನೆಟ್ಟಿನ ಯಾವ ಬಳಕೆಯನ್ನೂ ಬೇರೆ ಮಾಡಿ ತಡೀಬಾರ್ದು ಅನ್ನೋ ನಿಯಮ) ಕಂಪನಿಗಳ ಲೈಸೆನ್ಸ್ ಷರತ್ತಲ್ಲೇ ಇದೆ, ಕಂಪ್ಲೇಂಟ್ ಮಾಡಿ ಡಾಕೆಟ್ (ದೂರಿನ) ನಂಬರ್ ತಗೊಳ್ಳಿ, ಸರಿ ಹೋಗ್ದಿದ್ರೆ ಅದೇ ಕಂಪನಿಯ ಅಪೀಲು ಪ್ರಾಧಿಕಾರಕ್ಕೆ ಬರೀರಿ.

ಕ್ಯೂಬಿಟ್‌ಟೊರೆಂಟಿಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ. ಅರ್ಧ ಕಮ್ಮಿ ಯಾಕೆ ಅಂದ್ರೆ ಅಷ್ಟು ಮುಖ್ಯವಾದ ಐಕಾನನ್ನ ಉಗುರಿನಷ್ಟು ಮಾಡಿ ಮೂಲೇಲಿ ಇಟ್ಟಿದ್ದಾರೆ, ಹೊಸಬರ ಕಣ್ಣಿಗೆ ಬೀಳಲ್ಲ. ಅಪ್ಪಯ್ಯನ ಟ್ರಂಕಲ್ಲಿ ಇನ್ನೂ ಹನ್ನೆರಡು ಕ್ಯಾಸೆಟ್ ಸಿಕ್ಕಿವೆ, ಎರಡಕ್ಕೆ ಬೂಸ್ಟು ಹಿಡಿದಿದೆ, ಹತ್ತಿ ಇಟ್ಟು ಒರೆಸ್ತಿದ್ದೀನಿ. ಅಣ್ಣ ರಾತ್ರಿ ಕ್ಲೈಂಟ್ ಆನಲ್ಲೇ ಇಟ್ಟಿರ್ತಾನೆ.