ನರೆಗೂದಲಿಗೆ ಬಿ12, ಕಬ್ಬಿಣ, ತಾಮ್ರ, ಬಯೋಟಿನ್: ಯಾವುದರಲ್ಲಿ ಎಷ್ಟು ಹುರುಳಿದೆ?

ಬಳಸಿ ನೋಡಿದ ಮೇಲಿನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಈ ನಾಲ್ಕರಲ್ಲಿ ದುಡ್ಡು ಹಾಕಲು ಯೋಗ್ಯವಾದದ್ದು ಬಿ12, ಅದೂ ರಕ್ತಪರೀಕ್ಷೆಯಲ್ಲಿ ಕೊರತೆ ಕಂಡರೆ ಮಾತ್ರ. ಕಬ್ಬಿಣಕ್ಕೆ ಎರಡನೇ ಸ್ಥಾನ. ತಾಮ್ರದ ಮಾತ್ರೆ ಬಹುತೇಕರಿಗೆ ಬೇಡ. ಎಲ್ಲಕ್ಕಿಂತ ಹೆಚ್ಚು ಸದ್ದು ಮಾಡುವ ಬಯೋಟಿನ್ (ಬಿ ಗುಂಪಿನ ಒಂದು ವಿಟಮಿನ್) ನರೆಯ ವಿಷಯದಲ್ಲಿ ಕೊನೆಗೆ. ವಯಸ್ಸಾದ ಮೇಲೆ ಬಂದ ನರೆಗೂ ವಂಶದಲ್ಲೇ ಇರುವ ಅಕಾಲ ನರೆಗೂ ಯಾವ ಮಾತ್ರೆಯಿಂದಲೂ ಹೆಚ್ಚಿನ ನಿರೀಕ್ಷೆ ಇಟ್ಟುಕೊಳ್ಳಬಾರದು.

ಕೆಲಸ ಮಾಡಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಚರ್ಮದಿಂದ ಹೊರಬಂದ ಎಳೆಗೆ ಜೀವವಿಲ್ಲ, ಬಿಳಿಯಾಗಿ ಬಂದದ್ದು ಬಿಳಿಯಾಗಿಯೇ ಉಳಿಯುತ್ತದೆ. ಹಾಗಾಗಿ ಹುಡುಕಬೇಕಾದದ್ದು ತುದಿ ಬಿಳಿಯಾಗಿದ್ದು ಬುಡ ಕಪ್ಪಾಗಿರುವ ಎಳೆ. ಕಿವಿಯ ಮೇಲ್ಭಾಗದಲ್ಲಿ ಒಂದು ನಾಣ್ಯದಗಲದ ಜಾಗ ಗುರುತಿಟ್ಟುಕೊಂಡು, ತಿಂಗಳಿಗೊಮ್ಮೆ ಅದೇ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಮೂರು ತಿಂಗಳಿಗೆ ಮುಂಚೆ ತೀರ್ಪು ಬೇಡ. ನಡುವೆ ಡೈ ಹಚ್ಚಿದರೆ ಲೆಕ್ಕವೆಲ್ಲ ಕೆಟ್ಟಿತು.

ಬಿ12 ಕೊರತೆಯಲ್ಲಿ ಅಕಾಲ ನರೆ ಬಂದು, ಚಿಕಿತ್ಸೆಯ ನಂತರ ಬಣ್ಣ ಮರಳಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಉಳಿದ ಮೂರರ ಎದುರು ಇದರ ತೂಕ ಹೆಚ್ಚುವುದು ಅದಕ್ಕೇ. ದಿನಕ್ಕೆ ಬೇಕಾದದ್ದು 2.4 ಮೈಕ್ರೋಗ್ರಾಂ, ಮಾತ್ರೆಯಲ್ಲಿರುವುದು 1000. ಇದರಲ್ಲಿ ಮೋಸವೇನಿಲ್ಲ. ಹೊಟ್ಟೆಯಲ್ಲಿ ಸ್ರವಿಸುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನ್ ಒಂದು ಸಲಕ್ಕೆ 2 ಮೈಕ್ರೋಗ್ರಾಂ ಆಸುಪಾಸು ಮಾತ್ರ ಹೀರಿಸಬಲ್ಲದು. ಉಳಿದದ್ದರಲ್ಲಿ ಸುಮಾರು ಶೇ. 1ರಷ್ಟು ಕರುಳಿನ ಗೋಡೆಯಿಂದ ತಾನಾಗಿ ಒಳಹೋಗುತ್ತದೆ. ಇಂಟ್ರಿನ್ಸಿಕ್ ಫ್ಯಾಕ್ಟರ್ ಇಲ್ಲದವರಿಗೂ ದೊಡ್ಡ ಡೋಸ್ ನಾಟುವುದು ಈ ಹಿಂಬಾಗಿಲಿನಿಂದಲೇ. ನಾಲಿಗೆಯಡಿ ಇಡುವ ಮಾತ್ರೆಗೂ ನುಂಗುವ ಮಾತ್ರೆಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಅಗ್ಗದ್ದನ್ನೇ ಕೊಳ್ಳಿ.

ಮಾತ್ರೆ ಶುರುಮಾಡುವ ಮುಂಚೆ ರಕ್ತ ಕೊಡಿ. ಎರಡು ವಾರ ನುಂಗಿ ಆಮೇಲೆ ಪರೀಕ್ಷೆಗೆ ಹೋದರೆ ಸಂಖ್ಯೆ ಚೆನ್ನಾಗಿಯೇ ಬರುತ್ತದೆ, ಕೊರತೆ ಇತ್ತೋ ಇಲ್ಲವೋ ಗೊತ್ತಾಗುವುದಿಲ್ಲ. ಸಾಮಾನ್ಯವಾಗಿ ಮಿಲಿಲೀಟರಿಗೆ 200 ಪಿಕೊಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ. 200ರಿಂದ 300 ಅನುಮಾನದ ವಲಯ, ಅಲ್ಲಿ ಬಿ12 ಕಡಿಮೆಯಾದಾಗ ರಕ್ತದಲ್ಲಿ ಏರುವ ಮೀಥೈಲ್ ಮಲೋನಿಕ್ ಆಸಿಡ್‌ನ ಪರೀಕ್ಷೆ ನಿಜ ಹೇಳುತ್ತದೆ. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದನ್ನೂ ಮುಟ್ಟದವರು, ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಅಥವಾ ಆಸಿಡಿಟಿ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರು ಮೊದಲು ಇದನ್ನೇ ನೋಡಿಸಿಕೊಳ್ಳಲಿ. ಬಿ12 ನೋಡದೆ ಬರೀ ಫೋಲಿಕ್ ಆಸಿಡ್ ನುಂಗುವುದು ಅಪಾಯ: ರಕ್ತಹೀನತೆ ಸರಿಹೋದಂತೆ ಕಾಣುತ್ತದೆ, ಒಳಗೆ ನರಗಳ ಹಾನಿ ಮುಂದುವರಿಯುತ್ತಲೇ ಇರುತ್ತದೆ.

ಕಬ್ಬಿಣಕ್ಕೂ ನರೆಗೂ ಇರುವ ನಂಟು ತೆಳುವಾದದ್ದು. ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟೆಂದು ರಕ್ತದಲ್ಲಿ ತೋರಿಸುವ ಪ್ರೋಟೀನ್) ಕಡಿಮೆ ಇದ್ದವರಿಗೆ ಕೂದಲು ಉದುರುವುದು ನಿಂತರೆ ಅದೇ ಲಾಭ, ಬಣ್ಣ ಮರಳುವ ಭರವಸೆ ಕೊಡಲಾಗದು. 325 ಮಿಲಿಗ್ರಾಂ ಫೆರಸ್ ಸಲ್ಫೇಟ್ ಮಾತ್ರೆಯಲ್ಲಿ ನಿಜವಾದ ಕಬ್ಬಿಣ 65 ಮಿಲಿಗ್ರಾಂ ಮಾತ್ರ, ಲೇಬಲ್ ಓದುವಾಗ ಎಡವುವುದು ಇಲ್ಲೇ. ದಿನ ಬಿಟ್ಟು ದಿನ ತೆಗೆದುಕೊಂಡರೆ ಪ್ರತಿ ಮಾತ್ರೆಯಿಂದ ಹೀರುವ ಪಾಲು ಹೆಚ್ಚು, ಹೊಟ್ಟೆ ತೊಳಸುವುದೂ ಕಡಿಮೆ. ಚಹಾ, ಕಾಫಿ, ಕ್ಯಾಲ್ಸಿಯಂ ಮಾತ್ರೆಗಳಿಂದ ಎರಡು ಗಂಟೆ ದೂರ ಇಡಿ. ಮಲ ಕಪ್ಪಾದರೆ ಅದು ಕಬ್ಬಿಣದ್ದೇ ಬಣ್ಣ ಇರಬಹುದು, ಆದರೆ ಟಾರಿನಂತೆ ಅಂಟಂಟಾಗಿದ್ದರೆ ವೈದ್ಯರಿಗೆ ತೋರಿಸಿ. ಫೆರಿಟಿನ್ ನೋಡದೆ ತಿಂಗಳುಗಟ್ಟಲೆ ನುಂಗುವುದು ಮಾತ್ರ ಬೇಡ, ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ.

ತಾಮ್ರದ ತರ್ಕವೇನೋ ಆಕರ್ಷಕ. ಟೈರೋಸಿನ್‌ನಿಂದ ಕೂದಲಿಗೆ ಬಣ್ಣ ಕೊಡುವ ಮೆಲನಿನ್ ತಯಾರಿಸುವ ಟೈರೋಸಿನೇಸ್ ಕಿಣ್ವ ತಾಮ್ರವಿಲ್ಲದೆ ನಡೆಯುವುದಿಲ್ಲ. ಆದರೆ ದಿನಕ್ಕೆ ಬೇಕಾದದ್ದು 0.9 ಮಿಲಿಗ್ರಾಂ, 30 ಗ್ರಾಂ ಗೋಡಂಬಿಯಲ್ಲೇ ಸುಮಾರು 0.6 ಸಿಕ್ಕಿಬಿಡುತ್ತದೆ. ಕೊರತೆ ಬರುವುದು ಹೆಚ್ಚಾಗಿ ಹೊಟ್ಟೆ-ಕರುಳಿನ ಶಸ್ತ್ರಚಿಕಿತ್ಸೆಯಾದವರಿಗೆ, ಇಲ್ಲವೇ ಸತುವನ್ನು ಅತಿಯಾಗಿ ನುಂಗುವವರಿಗೆ. ತಮಾಷೆಯೆಂದರೆ ಕೂದಲಿಗೆಂದೇ ಮಾರುವ ಕೆಲವು ಮಾತ್ರೆಗಳಲ್ಲಿ ಸತುವೇ ಜಾಸ್ತಿ. ದಿನಕ್ಕೆ 50 ಮಿಲಿಗ್ರಾಂನಷ್ಟು ಸತು ವಾರಗಟ್ಟಲೆ ಒಳಹೋದರೆ ತಾಮ್ರದ ಹೀರುವಿಕೆ ಕುಗ್ಗುತ್ತದೆ. ಲೇಬಲ್‌ನಲ್ಲಿ ಸತು 40 ದಾಟಿದ್ದರೆ ಆ ಡಬ್ಬಿ ವಾಪಸ್ ಇಡಿ.

ಬಯೋಟಿನ್ ದಿನಕ್ಕೆ 30 ಮೈಕ್ರೋಗ್ರಾಂ ಸಾಕು, ಮಾತ್ರೆಯಲ್ಲಿ 5000, 10000. ನರೆ ಕಪ್ಪಾಗಿಸುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಪಕ್ಕದಲ್ಲೇ ಸೇರಿಸುವ ಪ್ಯಾಂಟೊಥೆನಿಕ್ ಆಸಿಡ್ (ವಿಟಮಿನ್ ಬಿ5) ಕಥೆಯೂ ಅಷ್ಟೆ: ಅದರ ಕೊರತೆಯಿಂದ ಕಪ್ಪು ಇಲಿಗಳ ತುಪ್ಪಳ ಬೂದಾಯಿತು, ಮನುಷ್ಯರ ನರೆಗೆ ಉಪಯೋಗವಾಗಲಿಲ್ಲ. ಬಯೋಟಿನ್ನಿನ ನಿಜವಾದ ತೊಂದರೆ ಲ್ಯಾಬ್‌ನಲ್ಲಿ. ಹೆಚ್ಚಿನ ಡೋಸ್ ಇದ್ದಾಗ ಕೆಲವು ವಿಧಾನಗಳಲ್ಲಿ ಥೈರಾಯ್ಡ್ ಪರೀಕ್ಷೆಯ ಟಿಎಸ್‌ಎಚ್ ಸುಳ್ಳಾಗಿ ಕೆಳಗೆ, ಟಿ4 ಸುಳ್ಳಾಗಿ ಮೇಲೆ ತೋರಿಸಿ, ಇಲ್ಲದ ಥೈರಾಯ್ಡ್ ಕಾಯಿಲೆ ಕಾಗದದ ಮೇಲೆ ಮೂಡುತ್ತದೆ. ಹೃದಯಾಘಾತ ಪತ್ತೆಹಚ್ಚುವ ಟ್ರೊಪೊನಿನ್ ಕೂಡ ನಿಜಕ್ಕಿಂತ ಕಡಿಮೆ ಬರಬಹುದು. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ರಕ್ತಪರೀಕ್ಷೆಗೆ ಕನಿಷ್ಠ ಮೂರು ದಿನ ಮುಂಚೆ ನಿಲ್ಲಿಸಿ. ತುರ್ತಾಗಿ ರಕ್ತ ಕೊಡಬೇಕಾಗಿ ಬಂದರೆ ಮಾತ್ರೆಯ ಹೆಸರು, ಡೋಸ್ ಎರಡನ್ನೂ ವೈದ್ಯರಿಗೆ ಹೇಳಿ.