ರೇಡಿಯಂ ಕಟಿಂಗ್ ಮಷಿನ್‌ಗೆ ಕಂಪ್ಯೂಟರ್ ಕನೆಕ್ಷನ್: ಎಲ್ಲಾ ದಾರಿಲೂ ಹೋಗಿ ಬಂದೆ

ಹಾಸನದಲ್ಲಿ ನಮ್ದೊಂದು ಚಿಕ್ಕ ರೇಡಿಯಂ ಅಂಗಡಿ, ಬಿ.ಎಂ. ರೋಡಿಂದ ಸ್ವಲ್ಪ ಒಳಗೆ. ಮೊದ್ಲೆಲ್ಲ ನಂಬರ್ ಪ್ಲೇಟ್ ಕೆಲಸವೇ ಅರ್ಧ ಬಾಡಿಗೆ ಕಟ್ತಿತ್ತು, ಕೆಎ 13 ಅಂತ ಕಣ್ಮುಚ್ಕೊಂಡು ಕಟ್ ಮಾಡೋ ಹಂಗಾಗಿತ್ತು, ಎಚ್‌ಎಸ್‌ಆರ್‌ಪಿ (ಅಚ್ಚೊತ್ತಿದ ಹೈ ಸೆಕ್ಯುರಿಟಿ ನಂಬರ್ ಪ್ಲೇಟು) ಬಂದ್ಮೇಲೆ ಅದು ಹೋಯ್ತು. ಈಗ ಎಸ್ಟೇಟ್ ಜೀಪು, ಹೋಂಸ್ಟೇ ಬೋರ್ಡು, ಆಟೋ ಹಿಂದಿನ ಗ್ಲಾಸು, ಇಂಥವೇ. ಮಷಿನ್ 2 ಅಡಿದು, ಚೈನಾ ಮಾಲು, ಹೆಸರು ಬೇಡ ಬಿಡಿ. ಕಟಿಂಗಲ್ಲಿ ಇವತ್ತಿಗೂ ತಕರಾರಿಲ್ಲ. ತಕರಾರೆಲ್ಲ ಇರೋದು ಕಂಪ್ಯೂಟರ್‌ಗೂ ಅದಕ್ಕೂ ಮಧ್ಯದ ಒಂದೂವರೆ ಮೀಟರ್ ವೈರಲ್ಲಿ. ಎರಡು ವರ್ಷದಲ್ಲಿ ನೇರ ಯುಎಸ್‌ಬಿ, ಅಗ್ಗದ ಅಡಾಪ್ಟರ್, ದುಬಾರಿ ಅಡಾಪ್ಟರ್, ಹಳೇ ಡೆಸ್ಕ್‌ಟಾಪ್‌ನ ಸೀರಿಯಲ್ ಪೋರ್ಟು (ಯುಎಸ್‌ಬಿಗೂ ಮೊದಲಿದ್ದ 9 ಪಿನ್ ಕನೆಕ್ಷನ್), ಎಲ್ಲಾನೂ ಹಾಕಿ ನೋಡಿದೀನಿ, ಅದನ್ನೇ ಬರೀತಿದೀನಿ.

ಮೊದ್ಲು ಹಾಕಿದ್ದು ಮಷಿನ್ ಜೊತೆ ಬಂದ ಯುಎಸ್‌ಬಿ ಕೇಬಲ್ಲೇ, ಎಲ್ರೂ ಮಾಡೋದೂ ಅದೇ. ಪ್ರಿಂಟರ್ ತರ ಚುಚ್ಚಿದ್ರೆ ಆಯ್ತು ಅನ್ಕೊಂಡಿದ್ದೆ. ಆಮೇಲೆ ವಿಂಡೋಸಲ್ಲಿ ಡಿವೈಸ್ ಮ್ಯಾನೇಜರ್ (ಕಂಪ್ಯೂಟರಿಗೆ ಸೇರ್ಸಿರೋ ಸಾಮಾನಿನ ಪಟ್ಟಿ) ತೆಗ್ದು ನೋಡಿದ್ರೆ ಪ್ರಿಂಟರ್ ಜಾಗದಲ್ಲಿ ಏನೂ ಇಲ್ಲ, ಪೋರ್ಟ್ಸ್ ಅನ್ನೋದ್ರ ಕೆಳಗೆ ಸಿಎಚ್340 ಅಂತ ಒಂದು ಚಿಪ್ ಹೆಸರು ಬಂದು ಪಕ್ಕದಲ್ಲಿ ಕಾಮ್ 3 ಅಂತ, ವಿಂಡೋಸ್ ಸೀರಿಯಲ್ ಪೋರ್ಟಿಗೆ ಕೊಡೋ ನಂಬರ್, ಇತ್ತು. ಅಂದ್ರೆ ಯುಎಸ್‌ಬಿ ಅನ್ನೋದು ಬರೀ ವೇಷ, ಮಷಿನ್ ಒಳಗಿರೋದು ಹಳೇ ಕಾಲದ ಸೀರಿಯಲ್ಲೇ, ಬೋರ್ಡ್ ಮೇಲೆ ಒಂದು ಪುಟ್ಟ ಚಿಪ್ ಕೂತು ಅದನ್ನ ಯುಎಸ್‌ಬಿ ಮಾಡಿ ತೋರಿಸ್ತಿದೆ ಅಷ್ಟೆ. ಇದು ಗೊತ್ತಾಗೋಕೆ ನಂಗೆ ಮೂರು ತಿಂಗಳು ಬೇಕಾಯ್ತು.

ಇದ್ರಲ್ಲಿ ಮೊದಲನೇ ಕಾಟ ಕಾಮ್ ನಂಬರ್ದು. ಬೆಳಿಗ್ಗೆ ಅಂಗಡಿ ಗುಡಿಸುವಾಗ ನಮ್ಮ ಹುಡ್ಗ ಕೇಬಲ್ ಕಿತ್ತು ಪಕ್ಕದ ತೂತಿಗೆ ಹಾಕ್ಬಿಟ್ರೆ ವಿಂಡೋಸ್ ಅದನ್ನ ಹೊಸ ಸಾಮಾನು ಅಂತ ತಿಳ್ಕೊಂಡು ಕಾಮ್ 3 ಬಿಟ್ಟು ಕಾಮ್ 7 ಕೊಡುತ್ತೆ, ಸಾಫ್ಟ್‌ವೇರ್ ಪಾಪ ಇನ್ನೂ 3ನೇ ಬಾಗ್ಲೇ ತಟ್ತಾ ಕೂತಿರುತ್ತೆ, ಪೋರ್ಟ್ ಓಪನ್ ಆಗ್ತಿಲ್ಲ ಅಂತ ಮೆಸೇಜು. ಈ ಚಿಪ್‌ಗೆ ಸಾಮಾನ್ಯವಾಗಿ ಅದರದ್ದೇ ಅಂತ ಸೀರಿಯಲ್ ನಂಬರ್ ಇರಲ್ಲ, ಯಾವ ತೂತಲ್ಲಿ ಕೂತಿದೆ ಅನ್ನೋದೇ ಅದರ ಗುರುತು. ಮಾರ್ಕರಲ್ಲಿ ಸಿಪಿಯು ಹಿಂದೆ ಒಂದು ತೂತಿಗೆ ‘ಕಟರ್’ ಅಂತ ಬರ್ದ ಮೇಲೆ ಈ ಕಾಟ ನಿಂತೋಯ್ತು.

ಎರಡನೇದು ನಿದ್ದೆ. ಹತ್ತೂವರೆಗೆ ಟೀ ಕುಡ್ದು ಬಂದು ಕಟ್ ಕೊಟ್ರೆ ಮಷಿನ್ ಅಲ್ಲಾಡಲ್ಲ. ವಿಂಡೋಸ್ ಪವರ್ ಆಪ್ಷನ್ಸಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅಂತ ಒಂದಿದೆ, ಕರೆಂಟ್ ಉಳ್ಸೋಕೆ ಸುಮ್ನೆ ಕೂತಿರೋ ಸಾಮಾನನ್ನ ಮಲಗಿಸ್ಬಿಡುತ್ತೆ, ಅದನ್ನ ಡಿಸೇಬಲ್ ಮಾಡ್ಬೇಕು. ಡಿವೈಸ್ ಮ್ಯಾನೇಜರಲ್ಲಿ ಯುಎಸ್‌ಬಿ ರೂಟ್ ಹಬ್ ಒಳಗಿನ ಪವರ್ ಮ್ಯಾನೇಜ್‌ಮೆಂಟ್ ಟಿಕ್ ಮಾರ್ಕೂ ತೆಗೀಬೇಕು. ಎರಡು ನಿಮಿಷದ ಕೆಲಸ, ಆದ್ರೆ ಯಾರೂ ಹೇಳ್ಕೊಡಲ್ಲ.

ಮೂರನೇದೇ ನಿಜವಾದ ಪೀಡೆ. ಜನವರಿ ಫೆಬ್ರವರಿಲಿ, ಗಾಳಿ ಒಣಗಿದ್ದಾಗ, ಕೆಂಪು ವಿನೈಲ್ ರೋಲ್ ಎಳೀತಿದ್ರೆ ಕೈ ಮೇಲಿನ ಕೂದಲು ನೆಟ್ಟಗೆ ನಿಂತ್ಕೊಳ್ಳುತ್ತೆ, ನೋಡಿರ್ತೀರ. ಸಕಲೇಶಪುರದ ಜೀಪಿನವ್ರೊಬ್ರು ಕಾಯ್ತಾ ನಿಂತಿದ್ರು, ಬಾನೆಟ್ ಮೇಲಕ್ಕೆ ಹುಲಿ ಮುಖ, ಮೀಸೆವರೆಗೂ ಕಟ್ ಆಗಿತ್ತು, ಇನ್ನೊಂದಡಿ ರೋಲ್ ಬಿಚ್ಚೋಣ ಅಂತ ಎಳೆದೆ, ಚಟ್ ಅಂತ ಸ್ಟ್ಯಾಟಿಕ್ ಕರೆಂಟ್ ಹೊಡೀತು, ಕಂಪ್ಯೂಟರಲ್ಲಿ ಆ ಡಿಸ್ಕನೆಕ್ಟ್ ಆಗೋ ಟುಡುಂ ಸದ್ದು, ಬ್ಲೇಡು ಕೆಳಗಿಳಿದಿದ್ದು ಹಂಗೇ ವಿನೈಲ್ ಒಳಗೆ ಚುಚ್ಕೊಂಡು ನಿಂತೋಯ್ತು. ಅವ್ರು ಮೊಬೈಲಿಂದ ತಲೆ ಎತ್ತಿ, ‘ಏನ್ ಮಾರಾಯ್ರೆ, ಅರ್ಧ ಹುಲಿ ಕೊಡ್ತೀರಾ?’ ಅಂದ್ರು. ಯುಎಸ್‌ಬಿ ಒಂದ್ಸಲ ಬಿದ್ರೆ ಅದು ತಾನಾಗೇ ಎದ್ದು ಬಂದ್ರೂ ಸಾಫ್ಟ್‌ವೇರ್ ಹಿಡ್ಕೊಂಡಿದ್ದ ಪೋರ್ಟು ಸತ್ತಿರುತ್ತೆ, ಕ್ಲೋಸ್ ಮಾಡಿ ಓಪನ್ ಮಾಡ್ಬೇಕು, ಕೆಲಸ ಮೊದಲಿಂದ. ಎರಡೂವರೆ ಅಡಿ ವಿನೈಲ್ ಕಸದ ಬುಟ್ಟಿಗೆ.

ಕೇಬಲ್ ಬದಲಾಯಿಸ್ದೆ, ಎರಡೂ ತುದಿಲಿ ಕಪ್ಪು ಗುಂಡು ಇರೋ ಫೆರೈಟ್ ಕೇಬಲ್ ಹಾಕ್ದೆ, ಸ್ವಲ್ಪ ಕಮ್ಮಿ ಆಯ್ತು, ನಿಲ್ಲಲಿಲ್ಲ. ಕೊನೆಗೆ ಎಲೆಕ್ಟ್ರಿಷಿಯನ್ ಒಬ್ರು ಬಂದು ಮೀಟರ್ ಇಟ್ಟು, ನ್ಯೂಟ್ರಲ್ಲಿಗೂ ಅರ್ತಿಂಗಿಗೂ ಮಧ್ಯ 30 ವೋಲ್ಟ್ ಮೇಲೆ ತೋರ್ಸಿ, ‘ಅಣ್ಣ, ನಿಮ್ ಬಿಲ್ಡಿಂಗಲ್ಲಿ ಅರ್ತು ಗೋಡೆವರೆಗೆ ಬಂದೈತೆ, ನೆಲಕ್ಕೆ ಹೋಗಿಲ್ಲ’ ಅಂದ್ರು. ಹೊಸ ಅರ್ತ್ ಪಿಟ್ ಹೊಡೆಸ್ದೆ, ಉಪ್ಪು ಇದ್ದಿಲು ಹಾಕ್ಸಿ ಬೇಸಿಗೆಲಿ ವಾರಕ್ಕೊಂದು ಬಕೆಟ್ ನೀರು ಹುಯ್ಯೋದು ನಮ್ಮ ಹುಡ್ಗನ ಡ್ಯೂಟಿ. ಇಷ್ಟು ಮಾಡಿದ್ಮೇಲೆ ದಿನಕ್ಕೆ ನಾಲ್ಕು ಸಲ ಬೀಳ್ತಿದ್ದಿದ್ದು ವಾರಕ್ಕೊಂದ್ಸಲಕ್ಕೆ ಬಂತು. ರೋಲ್ ಕಟ್ ಮಧ್ಯ ಎಳೀದೆ ಮೊದಲೇ ಬಿಚ್ಚಿಟ್ಕೊಂಡ್ರೆ ಇನ್ನೂ ವಾಸಿ.

ಈ ಅರ್ತಿಂಗ್ ಗೊತ್ತಾಗೋಕ್ ಮೊದ್ಲೇ, ಚಿಪ್ಪೇ ಸರಿಯಿಲ್ಲ ಅನ್ಕೊಂಡು ಮಷಿನ್ ಹಿಂದೆ ಇದ್ದ 9 ಪಿನ್ ಸೀರಿಯಲ್ ಪೋರ್ಟಿಗೆ ಒಂದು ಯುಎಸ್‌ಬಿ ಅಡಾಪ್ಟರ್ ತಂದಿದ್ದೆ. ನೀಲಿ ಬಣ್ಣದ್ದು, 200 ರೂಪಾಯಿ ಚಿಲ್ರೆ. ಇದ್ರ ಬಗ್ಗೆ ಜಾಸ್ತಿ ಬರೆಯೋದೇನಿಲ್ಲ. ವಿಂಡೋಸ್ 7 ಇರೋ ಹಳೇ ಲ್ಯಾಪ್‌ಟಾಪಲ್ಲಿ ಚೆನ್ನಾಗೇ ಓಡ್ತು, ವಿಂಡೋಸ್ 10ಕ್ಕೆ ಹಾಕಿದ್ರೆ ಹಳದಿ ತ್ರಿಕೋನ, ಕೋಡ್ 10, ಡಿವೈಸ್ ಸ್ಟಾರ್ಟ್ ಆಗಲ್ಲ. ಪಿಎಲ್2303 ಅನ್ನೋ ಚಿಪ್ಪಿನ ನಕಲಿ ಅದು. ನಕಲಿ ಜಾಸ್ತಿ ಆಯ್ತು ಅಂತ ಅಸಲಿ ಚಿಪ್ ಮಾಡೋರು ಹೊಸ ಡ್ರೈವರಲ್ಲಿ ಹಳೇ ಮಾಡೆಲ್ಲುಗಳನ್ನ ನಿಲ್ಲಿಸ್ಬಿಟ್ಟಿದಾರೆ, ಹಂಗಾಗಿ ಹಳೇ ಡ್ರೈವರ್ ಹುಡುಕಿ ಹಾಕಿದ್ರೆ ನಡೆಯುತ್ತೆ, ವಿಂಡೋಸ್ ಅಪ್ಡೇಟ್ ಆದ ಮಾರನೇ ದಿನ ಮತ್ತೆ ಹಳದಿ ತ್ರಿಕೋನ. ನಾನು ಮೂರು ಸಲ ಈ ಆಟ ಆಡಿ ಡ್ರಾಯರಿಗೆ ಎಸೆದೆ.

ಪೆನ್‌ಡ್ರೈವ್ ದಾರಿನೂ ಇದೆ, ಬೇಲೂರಲ್ಲಿ ನಮ್ಮ ದೋಸ್ತ್ ಒಬ್ಬನ ಮಷಿನಲ್ಲಿ ಅದಕ್ಕೆ ತೂತಿದೆ. ಅವನತ್ರ ಒಂದು ವಾರ ಕೂತು ಮಾಡಿದೀನಿ. ಪಿಎಲ್‌ಟಿ ಫೈಲ್ (ಕಟರ್ ಓದೋ ಡಿಸೈನ್ ಫೈಲ್) ಹಾಕಿ ಒತ್ತಿದ್ರೆ ಆಯ್ತು, ವೈರ್ ಜಗಳನೇ ಇಲ್ಲ. ಆದ್ರೆ ಒಂದಕ್ಷರ ತಪ್ಪಾದ್ರೂ ಕಂಪ್ಯೂಟರಿಗೆ ಓಡಿ, ಸೇವ್ ಮಾಡಿ, ಕಿತ್ಕೊಂಡು ಬಂದು ಚುಚ್ಚಿ. ದಿನಕ್ಕೆ ಹತ್ತು ದೊಡ್ಡ ಕೆಲಸ ಮಾಡೋನಿಗೆ ಓಕೆ, ಐವತ್ತು ಚಿಕ್ಕ ಸ್ಟಿಕ್ಕರ್ ಮಾಡೋ ನಂತವನಿಗೆ ಕಾಲು ನೋವು.

ಆಮೇಲೆ ಬೆಂಗಳೂರು ಎಸ್.ಪಿ. ರೋಡಿಂದ ಎಫ್‌ಟಿಡಿಐ ಅನ್ನೋ ಕಂಪನಿ ಚಿಪ್ ಇರೋ ಅಡಾಪ್ಟರ್ ತರಿಸ್ದೆ, ಸಾವಿರದ ಮೇಲೆ ಆಯ್ತು. ತಗೊಳ್ಳೋವಾಗ ಇದ್ರಲ್ಲೂ ನಕಲಿ ಇದೆ ಅನ್ನೋದು ತಲೇಲಿರಲಿ, 2014ರಲ್ಲಿ ವಿಂಡೋಸ್ ಅಪ್ಡೇಟ್ ಜೊತೆ ಬಂದ ಡ್ರೈವರೊಂದು ಇದ್ರ ನಕಲಿ ಚಿಪ್ಪುಗಳ ಐಡಿನೇ ಸೊನ್ನೆ ಮಾಡಿ ಕೆಲಸಕ್ಕೆ ಬಾರದ ಹಂಗೆ ಮಾಡ್ಬಿಟ್ಟಿತ್ತು, ಆಗ ದೊಡ್ಡ ಗಲಾಟೆ ಆಗಿತ್ತು. ಅಸಲಿ ಸಿಕ್ರೆ ಮಾತ್ರ ಸುಖ. ಪ್ರತಿ ಅಡಾಪ್ಟರಿಗೂ ಅದರದ್ದೇ ಸೀರಿಯಲ್ ನಂಬರ್ ಇರೋದ್ರಿಂದ ಯಾವ ತೂತಿಗೆ ಹಾಕಿದ್ರೂ ಅದೇ ಕಾಮ್ ನಂಬರ್, ಮಾರ್ಕರಲ್ಲಿ ಬರೆಯೋ ಕತೆ ಇಲ್ಲ.

ಇದನ್ನ ಹಾಕಿದ ವಾರದಲ್ಲೇ ಹಾಸನಾಂಬ ಬಾಗ್ಲು ತೆಗೆಯೋ ಟೈಮು. ವರ್ಷಕ್ಕೊಂದ್ಸಲ ಆಶ್ವೀಜದಲ್ಲಿ ತೆಗೆಯೋದಲ್ವಾ, ಊರು ತುಂಬಾ ಜನ, ಹೂವಿನ ಅಂಗಡಿ, ಟ್ರಾವೆಲ್ಸ್ ಗಾಡಿ, ಎಲ್ರಿಗೂ ನಾಳೆನೇ ಬೇಕು. ‘ಶ್ರೀ ಹಾಸನಾಂಬ ಪ್ರಸನ್ನ’ ಅಂತ ಗಾಡಿ ಗ್ಲಾಸಿಗೆ ಒಂದು ಹಾಕ್ದೆ, ಶ್ರೀ ಬಂತು, ಹಾ ಬಂತು, ಸ ಅರ್ಧ ಬಂದು ಅಲ್ಲಿಂದ ಬ್ಲೇಡು ಸೊಯ್ಯ್ ಅಂತ ಅಡ್ಡಡ್ಡ ಗೀರ್ಕೊಂಡು ಆ ಮೂಲೆಗೆ ಹೋಯ್ತು. ಮತ್ತೆ ಹಾಕ್ದೆ, ಈ ಸಲ ನಾಂ ಹತ್ರ. ಸಾವಿರ ಕೊಟ್ಟ ಅಡಾಪ್ಟರಿಗೆ ಬಾಯಿಗೆ ಬಂದಂಗೆ ಬೈದೆ. ವಿಚಿತ್ರ ಏನಂದ್ರೆ ಇಂಗ್ಲಿಷಲ್ಲಿ ಫೋನ್ ನಂಬರ್, ಟ್ಯಾಕ್ಸಿ ಅಂತ ಹಾಕಿದ್ರೆ ಒಂದೂ ತಪ್ಪಿಲ್ದೆ ಬರ್ತಿತ್ತು. ನಮ್ಮ ಹುಡ್ಗ, ‘ಅಣ್ಣ, ಇದಕ್ಕೆ ಕನ್ನಡ ಬರಲ್ಲ ಕಣಣ್ಣ’ ಅಂದ. ನಗು ಬಂತು, ಆದ್ರೆ ಅವನು ಹೇಳಿದ್ದು ಮುಕ್ಕಾಲು ಭಾಗ ಸರಿ.

ನೋಡಿ, ಕಟರಿಗೆ ಸುತ್ತು ಗೊತ್ತಿಲ್ಲ. ಸಾಫ್ಟ್‌ವೇರ್ ಪ್ರತಿ ಬಳುಕನ್ನೂ ಚೂರು ಚೂರು ನೇರ ಗೆರೆ ಮಾಡಿ ಒಂದೊಂದೇ ಬಿಂದು ಕಳಿಸುತ್ತೆ. ಇಂಗ್ಲಿಷಿನ ಟಿ, ಎಕ್ಸ್, ಐ ಇಂಥವಕ್ಕೆ ಹತ್ತು ಹನ್ನೆರಡು ಬಿಂದು ಸಾಕು, ನಮ್ಮ ಶ್ರೀಗೆ ನೂರಾರು ಬೇಕು. 9600 ಸ್ಪೀಡಲ್ಲಿ (ಸೆಕೆಂಡಿಗೆ 9600 ಬಿಟ್, ಒಂದಕ್ಷರಕ್ಕೆ ಹತ್ತು ಬಿಟ್) ಸೆಕೆಂಡಿಗೆ ಸುಮಾರು 960 ಅಕ್ಷರದಷ್ಟು ಡೇಟಾ ಹೋಗುತ್ತೆ, ಮಷಿನ್ ಕತ್ತರಿಸೋದು ಅದಕ್ಕಿಂತ ನಿಧಾನ, ಹಂಗಾಗಿ ಅದರ ಪುಟ್ಟ ಮೆಮೊರಿ ತುಂಬಿದಾಗ ‘ಸ್ವಲ್ಪ ತಡಿ’ ಅಂತ ಕಂಪ್ಯೂಟರಿಗೆ ಹೇಳ್ಬೇಕು. ಹೇಳೋದು ಎರಡು ತರ, ಬೇರೆ ವೈರಲ್ಲಿ ಕೈ ಅಡ್ಡ ಹಿಡಿದಂಗೆ ಹಾರ್ಡ್‌ವೇರ್ ಫ್ಲೋ ಕಂಟ್ರೋಲು, ಡೇಟಾ ಹೋಗೋ ಜೋಡಿ ವೈರಲ್ಲೇ ಸಿಗ್ನಲ್ ಕಳ್ಸೋದು ಎಕ್ಸಾನ್ ಎಕ್ಸಾಫ್. ಮಷಿನ್ ಕೈ ಅಡ್ಡ ಹಿಡೀತಿತ್ತು, ನಾನು ಹೊಸ ಪೋರ್ಟಲ್ಲಿ ಸೆಟ್ಟಿಂಗ್ ‘ನನ್’ (None, ಎರಡೂ ಬೇಡ) ಅಂತ ಬಿಟ್ಟಿದ್ದೆ. ಕಂಪ್ಯೂಟರ್ ನಿಲ್ಲಿಸ್ದೇ ಸುರೀತಿತ್ತು, ಮಧ್ಯದ ಬಿಂದು ಚೆಲ್ಲಿ ಹೋಗ್ತಿದ್ವು, ಚೆಲ್ಲಿದ ಕಡೆ ಅಡ್ಡ ಗೀರು. ಸಾಫ್ಟ್‌ವೇರಲ್ಲೂ ವಿಂಡೋಸ್ ಪೋರ್ಟ್ ಸೆಟ್ಟಿಂಗಲ್ಲೂ ಎರಡೂ ಕಡೆ ಹಾರ್ಡ್‌ವೇರ್ ಅಂತ ಮಾಡ್ದೆ, ಹಾಸನಾಂಬ ಪ್ರಸನ್ನಳಾದ್ಳು. ಡ್ರಾಯರಲ್ಲಿರೋ ನೀಲಿ ಅಡಾಪ್ಟರಲ್ಲೂ ಒಂದೆರಡು ಸಲ ಹಿಂಗೇ ಆಗಿತ್ತು, ಆಗೆಲ್ಲ ಸುಮ್ನೆ ಅದನ್ನ ಬೈದಿದೀನಿ, ಆ ಒಂದು ವಿಷಯದಲ್ಲಿ ಅದರದ್ದೇನೂ ತಪ್ಪಿರ್ಲಿಲ್ಲ ಅನ್ಸುತ್ತೆ.

ಅಡಾಪ್ಟರ್ ಕೆಟ್ಟಿದೆಯೋ ಇಲ್ವೋ ನೋಡೋಕೆ ಮಷಿನ್ನೇ ಬೇಡ. ಅಡಾಪ್ಟರಿನ 9 ಪಿನ್ನಲ್ಲಿ 2ನೇದು 3ನೇದು ಎರಡನ್ನೂ ಒಂದು ಚೂರು ತಾಮ್ರದ ವೈರಿಂದ ಸೇರ್ಸಿ, ಪುಟ್ಟಿ ಅನ್ನೋ ಫ್ರೀ ಸಾಫ್ಟ್‌ವೇರಲ್ಲಿ ಆ ಕಾಮ್ ಪೋರ್ಟ್ ಓಪನ್ ಮಾಡಿ, ಫ್ಲೋ ಕಂಟ್ರೋಲ್ ನನ್ ಇಟ್ಟು, ಏನಾದ್ರೂ ಟೈಪ್ ಮಾಡಿ. ಹೊಡೆದಿದ್ದು ಸ್ಕ್ರೀನಲ್ಲಿ ಕಂಡ್ರೆ ಅಡಾಪ್ಟರೂ ಡ್ರೈವರೂ ಸರಿ ಇದೆ ಅಂತ ಲೆಕ್ಕ, ತಪ್ಪು ಅದರಾಚೆ ಕೇಬಲ್ಲಲ್ಲೋ ಮಷಿನಲ್ಲೋ ಇಲ್ಲಾ ಸೆಟ್ಟಿಂಗಲ್ಲೋ. ಆ ಕೇಬಲ್ ವಿಷಯದಲ್ಲೂ ಹುಷಾರು, 9 ಪಿನ್ ಕೇಬಲೆಲ್ಲ ಹೊರಗಿಂದ ಒಂದೇ ತರ ಕಾಣುತ್ತೆ, ಕೆಲವ್ರದ್ರಲ್ಲಿ 2 ಮತ್ತೆ 3 ನೇರ ಹೋಗಿರುತ್ತೆ, ಕೆಲವ್ರದ್ರಲ್ಲಿ ಒಳಗೇ ಅದಲುಬದಲು ಆಗಿರುತ್ತೆ. ಮಷಿನ್ ಜೊತೆ ಬಂದಿದ್ದನ್ನ ಬಿಸಾಕ್ಬೇಡಿ.

ಕೊನೇದು, ಈಗ ದಿನಾ ಓಡ್ತಿರೋದು. ಒಂದು ಆಫೀಸ್ ಖಾಲಿ ಮಾಡೋವಾಗ ಮಾರಿದ ಹಳೇ ಡೆಸ್ಕ್‌ಟಾಪ್, ಹಿಂದೆ ನಿಜವಾದ 9 ಪಿನ್ ಪೋರ್ಟ್ ಇತ್ತು ಅಂತಲೇ ತಗೊಂಡೆ. ಡ್ರೈವರ್ ಇಲ್ಲ, ಯಾವತ್ತೂ ಕಾಮ್ 1, ನಿದ್ದೆ ಮಾಡಲ್ಲ. ಚಟ್ ಅಂತ ಸ್ಟ್ಯಾಟಿಕ್ ಹೊಡೆದ್ರೂ ಹೆಚ್ಚಂದ್ರೆ ಒಂದೆರಡು ಅಕ್ಷರ ಕೆಟ್ಟು ಒಂದು ಗೀರು ಬರಬಹುದು, ಯುಎಸ್‌ಬಿ ತರ ಸಂಬಂಧನೇ ಕಡ್ಕೊಂಡು ಹೋಗಲ್ಲ, ಯಾಕಂದ್ರೆ ಕಡ್ಕೊಳ್ಳೋಕೆ ಅಲ್ಲಿ ಅಂಥ ಮಾತುಕತೆನೇ ಇಲ್ಲ. ಯುಎಸ್‌ಬಿ ಕೇಬಲ್ 5 ಮೀಟರ್ ದಾಟಬಾರ್ದು, ಇದು 15 ಮೀಟರ್‌ವರೆಗೂ ಆರಾಮ, ಹಂಗಾಗಿ ಮಷಿನನ್ನ ಬಾಗ್ಲ ಧೂಳಿಂದ ಒಳಗಿನ ರೂಮಿಗೆ ಹಾಕೋಕಾಯ್ತು.

ಅಂಗಡಿಲಿ ಡೆಸ್ಕ್‌ಟಾಪ್ ಇದ್ರೆ ನನ್ನ ಓಟು ಇದಕ್ಕೇ. ಲ್ಯಾಪ್‌ಟಾಪ್ ಒಂದೇ ಇರೋರು ಅಸಲಿ ಎಫ್‌ಟಿಡಿಐಗೆ ದುಡ್ಡು ಹಾಕಿ. ನೇರ ಯುಎಸ್‌ಬಿ ಕೆಟ್ಟದ್ದಲ್ಲ, ಅರ್ತಿಂಗ್ ಸರಿ ಇರೋರ ಮನೇಲಿ. ಅರ್ತಿಂಗಂತೂ ಯಾವುದೇ ದಾರಿ ಹಿಡಿದ್ರೂ ಮೊದ್ಲು ನೋಡ್ಸಿ, ಮಷಿನ್ ಬಾಡಿ ಮುಟ್ಟಿದ್ರೆ ಕೈ ಜುಂ ಅಂದ್ರೆ ಸಾಫ್ಟ್‌ವೇರ್ ರೀಇನ್‌ಸ್ಟಾಲ್ ಮಾಡ್ತಾ ಕೂರಬೇಡಿ.

ಈಗಿರೋ ಚಿಂತೆ ಒಂದೇ, ಆ ಹಳೇ ಡೆಸ್ಕ್‌ಟಾಪಿನ ಎಸ್‌ಎಂಪಿಎಸ್ (ಒಳಗೆ ಕರೆಂಟ್ ಕೊಡೋ ಡಬ್ಬ) ಫ್ಯಾನು ಬೆಳಿಗ್ಗೆ ಆನ್ ಮಾಡಿದ ತಕ್ಷಣ ರುಬ್ಬೋ ಕಲ್ಲಿನ ತರ ಸದ್ದು ಮಾಡುತ್ತೆ. ಅದು ಹೋದ್ರೆ ಹೊಸ ಕಂಪ್ಯೂಟರಿಗೆ ಹಾಕೋಣ ಅಂತ ಒಂದು ಪಿಸಿಐ ಎಕ್ಸ್‌ಪ್ರೆಸ್ ಸೀರಿಯಲ್ ಕಾರ್ಡ್ ತಂದು ಇಟ್ಕೊಂಡಿದೀನಿ, ಇನ್ನೂ ಡಬ್ಬಿ ಒಡೆದಿಲ್ಲ.