ಹೊಟ್ಟೆಯ ಬ್ಯಾಕ್ಟೀರಿಯಾ ಟೆಸ್ಟ್ ಕಿಟ್ ತರಿಸುವ ಮೊದಲು ಇದನ್ನೊಮ್ಮೆ ಓದಿ

ಐದಕ್ಕೆ ಎರಡು ಸ್ಟಾರ್ ಕೊಡುತ್ತಿದ್ದೇನೆ. ಒಂದು, ಸ್ಯಾಂಪಲ್ ತೆಗೆಯುವ ಸಾಮಾನು ಅಚ್ಚುಕಟ್ಟಾಗಿದ್ದದ್ದಕ್ಕೆ. ಇನ್ನೊಂದು, ಇದರಿಂದಾಗಿ ನಾನು ಈ ವಿಷಯವನ್ನು ಕೂತು ಓದಿದ್ದಕ್ಕೆ. ಕಂಪನಿಯ ಹೆಸರು ಬರೆಯುವುದಿಲ್ಲ. ಇಂಥ ಕಿಟ್ ಮಾರುವವರು ಈಗ ತುಂಬಾ ಜನ ಇದ್ದಾರೆ. ನೀವು ಯಾರಿಂದ ತರಿಸಿದರೂ ಇಲ್ಲಿರುವ ಪ್ರಶ್ನೆಗಳನ್ನು ಕೇಳಿ.

ಎರಡು ವರ್ಷದಿಂದ ನನಗೆ ಸಂಜೆಯಾದರೆ ಹೊಟ್ಟೆ ಉಬ್ಬರ. ಗ್ಯಾಸ್ ಮಾತ್ರೆ, ಜೀರಿಗೆ ಕಷಾಯ, ಓಂಕಾಳು ಎಲ್ಲ ಆಯಿತು. ಅಮ್ಮನಿಗೆ ಹನ್ನೊಂದು ವರ್ಷದಿಂದ ಶುಗರ್. ಹಾಗಾಗಿ ಇಬ್ಬರಿಗೂ ಒಂದೊಂದು ಕಿಟ್ ತರಿಸಿದೆ. ಒಂದಕ್ಕೆ 8,500 ರೂಪಾಯಿ. ಬರೀ ಬ್ಯಾಕ್ಟೀರಿಯಾ ಪಟ್ಟಿ ಕೊಡುವ ಕಿಟ್ ಇದಕ್ಕಿಂತ ಅಗ್ಗಕ್ಕೆ ಸಿಗುತ್ತಿತ್ತು. ನಾನು ಜಾಸ್ತಿ ದುಡ್ಡು ಕೊಟ್ಟಿದ್ದು ಮೆಟಬೊಲೈಟ್ ಅಳೆಯುತ್ತೇವೆ ಎಂದು ಬರೆದಿದ್ದಕ್ಕೆ, ಅಂದರೆ ಆ ಬ್ಯಾಕ್ಟೀರಿಯಾಗಳು ನಮ್ಮ ಊಟ ತಿಂದು ಏನು ತಯಾರಿಸುತ್ತವೆ ಎನ್ನುವುದನ್ನು ತಿಳಿಯುವುದಕ್ಕೆ.

ಡಬ್ಬಿಯಲ್ಲಿ ಕಮೋಡಿಗೆ ಅಂಟಿಸುವ ಕಾಗದ, ಗ್ಲೌಸ್, ಎರಡು ಪುಟ್ಟ ಟ್ಯೂಬ್ ಇತ್ತು. ಟ್ಯೂಬಿನ ಮುಚ್ಚಳಕ್ಕೇ ಚಮಚ ಸೇರಿಕೊಂಡಿದೆ, ಕಡಲೆಕಾಳಿನಷ್ಟು ಮಲ ತೆಗೆದು ಹಾಕಿದರೆ ಸಾಕು. ಒಂದು ಟ್ಯೂಬಿನಲ್ಲಿ ದ್ರಾವಣ ಇರುತ್ತದೆ, ಅದು ಬ್ಯಾಕ್ಟೀರಿಯಾವನ್ನು ಕೊಂದು ಡಿಎನ್‌ಎ ಕೆಡದ ಹಾಗೆ ಕಾಪಾಡುತ್ತದೆ. ಇನ್ನೊಂದು ಖಾಲಿ ಟ್ಯೂಬ್, ಮೆಟಬೊಲೈಟಿಗೆ. ಅದನ್ನು ಎರಡು ಜೆಲ್ ಪ್ಯಾಕ್ ನಡುವೆ ಇಟ್ಟು ಕಳಿಸಬೇಕು.

ಎಡವಟ್ಟಾಗಿದ್ದು ಇಲ್ಲೇ. ನಾವಿರುವುದು ದಾವಣಗೆರೆ, ಏಪ್ರಿಲ್ ತಿಂಗಳು. ಶನಿವಾರ ಬರುತ್ತೇನೆ ಎಂದ ಕೊರಿಯರ್ ಹುಡುಗ ಬಂದದ್ದು ಸೋಮವಾರ ಮಧ್ಯಾಹ್ನ. ಅಷ್ಟರಲ್ಲಿ ಡಬ್ಬಿ ಬಿಚ್ಚಿ ನೋಡಿದರೆ ಜೆಲ್ ಪ್ಯಾಕ್ ಬೆಚ್ಚಗಾಗಿತ್ತು. ಫ್ರೀಜರಿನಲ್ಲಿಡಿ ಎಂದು ಸೂಚನೆಯ ಕಾಗದದಲ್ಲಿ ಎಲ್ಲೂ ಇರಲಿಲ್ಲ. ಫೋನ್ ಮಾಡಿದರೆ "ಏನೂ ಆಗಲ್ಲ ಮೇಡಂ, ಕಳಿಸಿ" ಎಂದರು. ಆದರೆ ಆಗುತ್ತದೆ. ಆ ಖಾಲಿ ಟ್ಯೂಬಿನೊಳಗೆ ಬ್ಯಾಕ್ಟೀರಿಯಾ ಜೀವಂತ ಇರುತ್ತವೆ, ತಿನ್ನುತ್ತಲೇ ಇರುತ್ತವೆ, ಆಮ್ಲ ಮತ್ತು ಗ್ಯಾಸ್ ಬಿಡುತ್ತಲೇ ಇರುತ್ತವೆ. ಬೇಸಿಗೆಯಲ್ಲಿ ದೋಸೆ ಹಿಟ್ಟನ್ನು ಎರಡು ದಿನ ಹೊರಗಿಟ್ಟರೆ ಏನಾಗುತ್ತದೆ ಹೇಳಿ? ಅದನ್ನು ನೋಡಿ ರುಬ್ಬಿದ ದಿನ ಹಿಟ್ಟು ಹೇಗಿತ್ತು ಎಂದು ಹೇಳುವುದಕ್ಕಾಗುತ್ತದಾ? ಅದಕ್ಕೇ ಲ್ಯಾಬುಗಳಲ್ಲಿ ಇಂಥ ಸ್ಯಾಂಪಲನ್ನು ಕೂಡಲೇ ಫ್ರೀಜ್ ಮಾಡುತ್ತಾರೆ, ಇಲ್ಲವೇ ಆಲ್ಕೋಹಾಲಿನಲ್ಲಿ ಹಾಕಿಡುತ್ತಾರೆ. ನಮ್ಮ ರಿಪೋರ್ಟಿನಲ್ಲಿ ಮಾತ್ರ ಪ್ರತಿ ಅಂಕೆಯೂ ದಶಮಾಂಶದ ಮುಂದೆ ಎರಡು ಸ್ಥಾನದವರೆಗೆ ಇದೆ. ಸ್ಯಾಂಪಲ್ ಎರಡು ದಿನ ತಡವಾಗಿ ಹೊರಟಿತು ಎನ್ನುವ ಒಂದು ಸಾಲೂ ಇಲ್ಲ.

ಇನ್ನು ಫಾರಂ. ಏನೇನು ತಿನ್ನುತ್ತೀರಿ ಎಂಬಲ್ಲಿ ಓಟ್ಸ್, ಕಿನೋವಾ, ಅವಕಾಡೊ ಇದ್ದವು. ಜೋಳ ಇಲ್ಲ, ರಾಗಿ ಇಲ್ಲ. "ಇದ್ರಾಗೆ ರೊಟ್ಟಿ ಎಲ್ಲೈತೆ?" ಎಂದು ಅಮ್ಮ ಕೇಳಿದರು. ಕೊನೆಗೆ 'ಇತರೆ' ಎಂದು ಟಿಕ್ ಹಾಕಿದೆವು. ದಿನಕ್ಕೆರಡು ಹೊತ್ತು ತಿನ್ನುವ ಊಟ 'ಇತರೆ' ಆದರೆ, ಆಮೇಲೆ ಕೊಡುವ ಆಹಾರದ ಸಲಹೆ ಯಾವ ಲೆಕ್ಕದ್ದು? ಮೂರು ತಿಂಗಳಲ್ಲಿ ಆ್ಯಂಟಿಬಯಾಟಿಕ್ ತಗೊಂಡಿದ್ದೀರಾ ಎಂದು ಕೇಳಿದ್ದರು, ಅದು ಸರಿ. ಬೇರೆ ಮಾತ್ರೆಗಳ ಬಗ್ಗೆ ಕೇಳಲೇ ಇಲ್ಲ.

ಆ ಒಂದು ಪ್ರಶ್ನೆ ಕೇಳದೇ ಇದ್ದದ್ದರಿಂದ ನಮ್ಮ ಮನೆಯಲ್ಲಿ ಎರಡು ದಿನ ನೆಮ್ಮದಿ ಹೋಯಿತು. ಅಮ್ಮನ ರಿಪೋರ್ಟಿನಲ್ಲಿ ಎಶೆರಿಕಿಯಾ ಎನ್ನುವ ಬ್ಯಾಕ್ಟೀರಿಯಾ ಕೆಂಪು ಬಣ್ಣದಲ್ಲಿತ್ತು. ಇದು ಶುಗರ್ ಇರುವವರಲ್ಲಿ ಹೆಚ್ಚುವ ಕೆಟ್ಟ ಬ್ಯಾಕ್ಟೀರಿಯಾ, ಕಡಿಮೆ ಮಾಡಿಕೊಳ್ಳಿ ಎಂದು ಬರೆದಿತ್ತು. "ನನ್ನ ಹೊಟ್ಯಾಗೆ ಕೆಟ್ಟ ಹುಳ ಅದಾವಂತೇನೆ?" ಎನ್ನುತ್ತಾ ಅಮ್ಮ ಸರಿಯಾಗಿ ಊಟವನ್ನೇ ಮಾಡಲಿಲ್ಲ. ಅವರು ದಿನಾ ತಗೊಳ್ಳುವುದು ಮೆಟ್‌ಫಾರ್ಮಿನ್ ಎನ್ನುವ ಶುಗರ್ ಮಾತ್ರೆ. 2015ರಲ್ಲಿ ನೇಚರ್ ಎನ್ನುವ ವಿಜ್ಞಾನ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ ಡೆನ್ಮಾರ್ಕ್, ಸ್ವೀಡನ್, ಚೀನಾದ ಜನರ ಸ್ಯಾಂಪಲ್‌ಗಳನ್ನು ಒಟ್ಟಿಗಿಟ್ಟು ನೋಡಿದ್ದರು. ಅಲ್ಲಿಯವರೆಗೆ ಶುಗರ್ ಕಾಯಿಲೆಯ ಗುರುತು ಎಂದುಕೊಂಡಿದ್ದ ಎಷ್ಟೋ ಬದಲಾವಣೆಗಳು ನಿಜವಾಗಿ ಮೆಟ್‌ಫಾರ್ಮಿನ್ ಮಾತ್ರೆಯಿಂದ ಆದವು ಎಂದು ಅದರಲ್ಲಿ ಗೊತ್ತಾಯಿತು. ಎಶೆರಿಕಿಯಾ ಹೆಚ್ಚುವುದೂ ಅದರಲ್ಲಿ ಒಂದು. ಇದು ಗೊತ್ತಾಗಿ ಇಷ್ಟು ವರ್ಷವಾಗಿದೆ. ಶುಗರ್ ಇರುವವರಿಗೆ ಟೆಸ್ಟ್ ಮಾರುವವರು ಅವರ ಮಾತ್ರೆ ಯಾವುದೆಂದು ಕೇಳುವುದಿಲ್ಲ ಎಂದರೆ ನನಗೆ ಸಿಟ್ಟು ಬರುತ್ತದೆ.

ನನ್ನ ರಿಪೋರ್ಟಿನಲ್ಲಿ ಕೆಂಪಾಗಿದ್ದದ್ದು ಪ್ರಿವೊಟೆಲ್ಲಾ ಎನ್ನುವ ಬ್ಯಾಕ್ಟೀರಿಯಾ. ಸಾಮಾನ್ಯಕ್ಕಿಂತ ತುಂಬಾ ಜಾಸ್ತಿ ಎಂದಿತ್ತು. ಯಾರ ಸಾಮಾನ್ಯ? 2019ರಲ್ಲಿ ಭೋಪಾಲದ ಐಸರ್ ಎನ್ನುವ ವಿಜ್ಞಾನ ಸಂಸ್ಥೆಯವರು ಭೋಪಾಲ್ ಮತ್ತು ಕೇರಳದ 110 ಆರೋಗ್ಯವಂತರ ಸ್ಯಾಂಪಲ್ ನೋಡಿದ್ದರು. ಬ್ಯಾಕ್ಟೀರಿಯಾ ಮತ್ತು ಮೆಟಬೊಲೈಟ್ ಎರಡನ್ನೂ ಅಳೆದಿದ್ದರು. ಕಾಳು, ರೊಟ್ಟಿ, ಸೊಪ್ಪು ಜಾಸ್ತಿ ತಿನ್ನುವ ಭೋಪಾಲದ ಕಡೆಯವರಲ್ಲಿ ಪ್ರಿವೊಟೆಲ್ಲಾ ಹೇರಳವಾಗಿತ್ತು. ಅವರೆಲ್ಲ ಆರೋಗ್ಯವಾಗಿದ್ದವರೇ. ನನಗೆ ಯಾರ ಜೊತೆ ಹೋಲಿಕೆ ಮಾಡಿದ್ದಾರೆ ಎಂದು ಕೇಳಿ ಎರಡು ಸಲ ಮೇಲ್ ಹಾಕಿದೆ, ಉತ್ತರ ಇಲ್ಲ. ಇದರ ಜೊತೆಗೆ 'ಫರ್ಮಿಕ್ಯೂಟೀಸ್-ಬ್ಯಾಕ್ಟೀರಾಯ್ಡಿಟೀಸ್ ಅನುಪಾತ' ಎಂದು, ಅಂದರೆ ಕರುಳಿನ ಬ್ಯಾಕ್ಟೀರಿಯಾಗಳ ಎರಡು ದೊಡ್ಡ ಗುಂಪುಗಳಲ್ಲಿ ಯಾವುದು ಎಷ್ಟಿದೆ ಎಂದು, ದೊಡ್ಡ ಮೀಟರಿನ ಚಿತ್ರ ಬೇರೆ. ಈ ಅನುಪಾತವನ್ನು ರಿಪೋರ್ಟಿನಲ್ಲಿ ಕೊಡುವುದೇ ಬೇಡ, ಸಾಕಷ್ಟು ಆಧಾರ ಇಲ್ಲ ಎಂದು ಈ ಕ್ಷೇತ್ರದ ಅಂತರರಾಷ್ಟ್ರೀಯ ತಜ್ಞರ ಗುಂಪೊಂದು ಈಗಾಗಲೇ ಹೇಳಿದೆ.

ಮೆಟಬೊಲೈಟ್ ಭಾಗಕ್ಕೆ ಬರುತ್ತೇನೆ, ನನಗೆ ಮುಖ್ಯವಾದದ್ದು ಅದು. ಈ ವಿಜ್ಞಾನ ಸುಳ್ಳಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಬ್ಯಾಕ್ಟೀರಿಯಾದ ಹೆಸರಿಗಿಂತ ಅದು ಮಾಡುವ ಕೆಲಸ ದೊಡ್ಡದು. ನಾವು ತಿಂದ ನಾರು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಬಂದಾಗ ಬ್ಯಾಕ್ಟೀರಿಯಾ ಅದನ್ನು ಹುಳಿ ಬರಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎನ್ನುವ ಆಮ್ಲಗಳನ್ನು ಮಾಡುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಊಟ. ದಾಳಿಂಬೆ ತಿಂದರೆ ಕೆಲವರ ಬ್ಯಾಕ್ಟೀರಿಯಾ ಅದರಿಂದ ಯುರೊಲಿಥಿನ್ ಎ ಎನ್ನುವ ವಸ್ತು ಮಾಡುತ್ತವೆ, ಇನ್ನು ಕೆಲವರಲ್ಲಿ ಮಾಡುವುದೇ ಇಲ್ಲ. ಹಣ್ಣು ಅದೇ, ಹೊಟ್ಟೆ ಬೇರೆ. ಮೊಟ್ಟೆ, ಮಾಂಸದಲ್ಲಿರುವ ಕೋಲಿನ್, ಕಾರ್ನಿಟಿನ್ ಎನ್ನುವ ಪೋಷಕಾಂಶಗಳಿಂದ ಬ್ಯಾಕ್ಟೀರಿಯಾ ಟಿಎಂಎ ಎನ್ನುವ ವಸ್ತು ಮಾಡುತ್ತವೆ, ಲಿವರ್ ಅದನ್ನು ಟಿಎಂಎಒ ಎನ್ನುವ ಇನ್ನೊಂದು ವಸ್ತುವಾಗಿ ಬದಲಿಸುತ್ತದೆ. ರಕ್ತದಲ್ಲಿ ಅದು ಜಾಸ್ತಿ ಇರುವುದಕ್ಕೂ ಹೃದಯದ ಕಾಯಿಲೆಗೂ ನಂಟಿದೆ ಎಂದು ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಸ್ಟ್ಯಾನ್ಲಿ ಹೇಜನ್ ತಂಡ 2011ರಲ್ಲಿ ತೋರಿಸಿತು. ಆದರೆ ಸಮುದ್ರದ ಮೀನಿನಲ್ಲಿ ಟಿಎಂಎಒ ತಾನಾಗೇ ಇರುತ್ತದೆ, ಹಿಂದಿನ ದಿನ ಮೀನು ಸಾರು ಉಂಡವರ ಅಂಕೆ ಸುಮ್ನೆ ಏರಿಬಿಡುತ್ತದೆ. ಹಿಂದಿನ ದಿನ ಏನು ತಿಂದಿರಿ ಎನ್ನುವುದೂ ಆ ಫಾರಂನಲ್ಲಿ ಇರಲಿಲ್ಲ.

ನನ್ನ ಬ್ಯುಟಿರೇಟ್ ಕಡಿಮೆ ಎಂದು ಬಂತು. ಒಂದು ರಾತ್ರಿ ಪೂರ್ತಿ ಹೆದರಿದ್ದೆ. ಆಮೇಲೆ ಓದಿದಾಗ ತಿಳಿದದ್ದು: ತಯಾರಾಗುವ ಇಂಥ ಆಮ್ಲಗಳಲ್ಲಿ ಸುಮಾರು ಶೇ 95ರಷ್ಟನ್ನು ಕರುಳೇ ಹೀರಿಕೊಳ್ಳುತ್ತದೆ. ಮಲದಲ್ಲಿ ಹೊರಬರುವುದು ಉಳಿದ ಚೂರು. ಮದುವೆ ಮನೆಯಲ್ಲಿ ಎಂಜಲೆಲೆ ನೋಡಿ ಎಷ್ಟು ಪಾಯಸ ಮಾಡಿದ್ದರು ಎಂದು ಹೇಳಲಾಗುತ್ತದಾ? ಎಲೆ ಖಾಲಿ ಇದ್ದರೆ ಪಾಯಸ ಬಡಿಸಿರಲಿಲ್ಲ ಎಂದೂ ಇರಬಹುದು, ಪೂರ್ತಿ ಉಂಡರು ಎಂದೂ ಇರಬಹುದು. ರಿಪೋರ್ಟ್ ಇದನ್ನು ಹೇಳಬೇಕಿತ್ತು. ಅದರ ಬದಲು ಕೊನೆಯ ಪುಟದಲ್ಲಿ ಅವರದೇ ಪುಡಿ, ತಿಂಗಳಿಗೆ 2,400 ರೂಪಾಯಿ, ಇಬ್ಬರಿಗೂ ಒಂದೇ ಪುಡಿ.

ಅಳತೆಯ ಬಗ್ಗೆಯೂ ಒಂದು ಮಾತು. ಕಿರಾಣಿ ಅಂಗಡಿಯ ತೂಕದ ಕಲ್ಲಿಗೆ ಸರ್ಕಾರದ ಮುದ್ರೆ ಇರುತ್ತದಲ್ಲ, ಅಂಥದ್ದು ಈ ಟೆಸ್ಟುಗಳಿಗೆ ಇರಲಿಲ್ಲ. ಅಮೆರಿಕದಲ್ಲಿ ಅಳತೆಯ ಮಾನದಂಡ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ನಿಸ್ಟ್ 2025ರಲ್ಲಷ್ಟೇ ಲ್ಯಾಬುಗಳು ತಮ್ಮ ಅಳತೆ ಸರಿಯಿದೆಯಾ ಎಂದು ಹೋಲಿಸಿ ನೋಡಲು ಮನುಷ್ಯರ ಮಲದ ಮಾದರಿಯನ್ನು ಹೊರತಂದಿತು. ಸಸ್ಯಾಹಾರಿಗಳದು ಬೇರೆ, ಮಾಂಸ ತಿನ್ನುವವರದು ಬೇರೆ. ನಿಮ್ಮ ಲ್ಯಾಬ್ ಯಾವ ಮಾದರಿಯ ಜೊತೆ ಹೋಲಿಸಿ ನೋಡುತ್ತದೆ ಎಂದು ದುಡ್ಡು ಕಟ್ಟುವ ಮೊದಲೇ ಕೇಳಿ.

ಕೊನೆಗೆ ಬೆಂಗಳೂರಿನಲ್ಲಿ ಹೊಟ್ಟೆಯ ಡಾಕ್ಟರ್ ಒಬ್ಬರಿಗೆ ರಿಪೋರ್ಟ್ ತೋರಿಸಿದೆ. ಅವರು ತಿರುವಿ ಹಾಕಿ ಪಕ್ಕಕ್ಕಿಟ್ಟು, "ಉಬ್ಬರ ಯಾವಾಗ ಶುರುವಾಗುತ್ತದೆ? ಅದಕ್ಕೆ ಎರಡು ಗಂಟೆ ಮೊದಲು ಏನು ತಗೊಂಡಿರುತ್ತೀರಿ?" ಎಂದು ಕೇಳಿದರು. ನಾಲ್ಕು ಗಂಟೆಯ ದೊಡ್ಡ ಲೋಟ ಹಾಲು, ಆಮೇಲೆ ಕಾಫಿ. ಉಸಿರಿನ ಹೈಡ್ರೋಜನ್ ಟೆಸ್ಟ್ ಬರೆದರು. 25 ಗ್ರಾಂ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಕದಡಿದ ನೀರು ಕುಡಿಸಿ ಅರ್ಧ ಗಂಟೆಗೊಮ್ಮೆ ಊದಿಸುತ್ತಾರೆ. ನಮ್ಮ ಜೀವಕೋಶಗಳಿಗೆ ಹೈಡ್ರೋಜನ್ ಮಾಡಲು ಬರುವುದಿಲ್ಲ, ಅದು ಬ್ಯಾಕ್ಟೀರಿಯಾದ ಕೆಲಸ. ಜೀರ್ಣವಾಗದ ಲ್ಯಾಕ್ಟೋಸ್ ಅವುಗಳ ಕೈಗೆ ಸಿಕ್ಕರೆ ಹೈಡ್ರೋಜನ್ ರಕ್ತಕ್ಕೆ ಸೇರಿ ಉಸಿರಿನಲ್ಲಿ ಬರುತ್ತದೆ. ಮೊದಲಿಗಿಂತ 20 ಪಿಪಿಎಂ (ಹತ್ತು ಲಕ್ಷದಲ್ಲಿ 20 ಪಾಲು) ಏರಿದರೆ ಹಾಲಿನ ಸಕ್ಕರೆ ಅರಗುತ್ತಿಲ್ಲ ಎಂದರ್ಥ. ನನ್ನದು 4 ಇದ್ದದ್ದು ಎರಡು ಗಂಟೆಯಲ್ಲಿ 61 ಆಯಿತು. ಇದೂ ಬ್ಯಾಕ್ಟೀರಿಯಾ ತಯಾರಿಸಿದ ವಸ್ತುವನ್ನು ಅಳೆಯುವ ಟೆಸ್ಟೇ ಅಲ್ವಾ? ಆದರೆ ಒಂದೇ ವಸ್ತು, ಒಂದೇ ಪ್ರಶ್ನೆ, ಏನು ಕುಡಿದಿದ್ದೀರಿ ಎಂದು ಖಚಿತವಾಗಿ ಗೊತ್ತು, ಎಷ್ಟು ಏರಿದರೆ ಏನರ್ಥ ಎನ್ನುವುದೂ ಗೊತ್ತು. 2,000 ರೂಪಾಯಿ ಆಯಿತು.

ಹಾಲು ಬಿಟ್ಟು ಆರು ವಾರ, ಉಬ್ಬರ ಮುಕ್ಕಾಲು ಪಾಲು ಇಳಿದಿದೆ. ಮೊಸರು ಬಿಟ್ಟಿಲ್ಲ, ಹೆಪ್ಪಿನ ಬ್ಯಾಕ್ಟೀರಿಯಾ ಸ್ವಲ್ಪ ಲ್ಯಾಕ್ಟೋಸನ್ನು ಮೊದಲೇ ತಿಂದಿರುವುದರಿಂದ ಅದು ನನಗೆ ಒಗ್ಗುತ್ತದೆ. ಅಮ್ಮನಿಗೆ ಅವರ ಡಾಕ್ಟರೇ ಕೂರಿಸಿಕೊಂಡು ಹೇಳಿದ ಮೇಲೆ ಸಮಾಧಾನ ಆಯಿತು, ಮಾತ್ರೆ ಮುಂದುವರಿದಿದೆ, ರೊಟ್ಟಿಯೂ. ಮಾತ್ರೆಯ ಪ್ರಶ್ನೆ ಫಾರಂಗೆ ಸೇರಿಸಿ, ಸ್ಯಾಂಪಲ್ ಫ್ರೀಜರಿನಲ್ಲಿಡಬೇಕು ಎಂದು ಕಾಗದದಲ್ಲಿ ಅಚ್ಚು ಹಾಕಿಸಿ ಎಂದು ಕಂಪನಿಗೆ ಮೂರನೇ ಮೇಲ್ ಕಳಿಸಿದ್ದೇನೆ. ಅಷ್ಟು ಮಾಡಿದರೆ ಇಲ್ಲಿಗೇ ಬಂದು ಇನ್ನೊಂದು ಸ್ಟಾರ್ ಸೇರಿಸುತ್ತೇನೆ.